ತೂಕದ ಮಷೀನು ಹೊತ್ತ ಕರಾಟೆ ಸರ್

ಆ ಭಾನುವಾರ ನಮ್ಮ ಮನೆಗೆ ಹಾಲಿಗಿಂತ ಮೊದಲು ತೂಕದ ಮಷೀನು ಬಂತು. ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಎದ್ದಿರುವವರು ನಾನು, ಪಕ್ಕದ ಮನೆಯ ನಸೀಮಾ, ಮತ್ತೆ ಬೀದಿಯ ನಾಯಿಗಳು. ಸ್ಕೂಟರ್ ನಿಲ್ಲಿಸಿ, ಕಂಕುಳಲ್ಲಿ ಮಷೀನು ಇಟ್ಟುಕೊಂಡು ಬಂದವರು ನನ್ನ ಮಗಳು ಇಂಚರಾಳ ಕರಾಟೆ ಸರ್, ತಿಪ್ಪೇಶಪ್ಪನವರು. ಗೇಟನ್ನು ಮೊದಲು ದಾಟಿದ್ದು ಅವರ ಹೊಟ್ಟೆ. ಅದರ ಕೆಳಗೆ, ಆ ಹೊಟ್ಟೆಯ ಯಜಮಾನರಿಗೇ ಕಾಣದ ಜಾಗದಲ್ಲಿ, ಕಪ್ಪು ಬೆಲ್ಟಿನ ಗಂಟು. ಕೊನೆಗೆ ಉಳಿದ ಸರ್ ಒಳಗೆ ಬಂದರು.

"ಹುಡುಗಿಗೆ ಏನೂ ಕುಡಿಸಿಲ್ಲ ಅಲ್ರೀ ಮೇಡಂ?"

"ಇಲ್ಲ ಸರ್. ಹಾಲೇ ಇನ್ನೂ ಬಂದಿಲ್ಲ."

"ಬಂದ್ರೂ ಒಲೆ ಹಚ್ಚಬ್ಯಾಡ್ರಿ. ವಾಸನೆಗೂ ತೂಕ ಏರ್ತೈತೆ."

ಅಂದು ಹರಿಹರದಲ್ಲಿ ಜಿಲ್ಲಾ ತಂಡದ ಆಯ್ಕೆ. ಇಂಚರಾಳ ವಯಸ್ಸಿನ ಹುಡುಗಿಯರಿಗೆ ಎರಡು ಗುಂಪು: ನಲವತ್ತೇಳು ಕಿಲೋ ಒಳಗಿನವರದೊಂದು, ಮೀರಿದವರದೊಂದು. ನನ್ನ ಮಗಳು ಆ ಗೆರೆಯ ಮೇಲೆಯೇ ಹುಟ್ಟಿದವಳಂತೆ ಇದ್ದಳು. ಕಣ್ಣು ಮುಚ್ಚಿಕೊಂಡು ಮಷೀನು ಹತ್ತಿದಳು. ಸರ್ ಬಗ್ಗಿ ನೋಡಲು ಪ್ರಯತ್ನಿಸಿದರು. ಹೊಟ್ಟೆ ಅಡ್ಡ ಬಂತು. "ನೀವೇ ಓದ್ರಿ ಮೇಡಂ," ಅಂದರು. ಸ್ವಲ್ಪ ಹೆಚ್ಚಿತ್ತು.

"ಹರಿಹರಕ್ಕೆ ಹೋಗೋದ್ರಾಗ ಇಳಿಸ್ತೀನಿ," ಎಂದರು, ಮೂಟೆ ಇಳಿಸುವವರ ಧೈರ್ಯದಲ್ಲಿ.

ತಿಪ್ಪೇಶಪ್ಪ ಸರ್ ಕರಾಟೆ ಕಲಿಸಿದ್ದಕ್ಕಿಂತ ದೇಹಗಳ ಮೇಲೆ ತೀರ್ಪು ಕೊಟ್ಟಿದ್ದೇ ಹೆಚ್ಚು. ನಮ್ಮ ಪಾರ್ಕಿನಲ್ಲಿ ಸಂಜೆ ತರಗತಿ. ಕೊರಳಲ್ಲಿ ಸೀಟಿಯ ಜೊತೆ ದರ್ಜಿಯ ಟೇಪು ನೇತಾಡುತ್ತಿತ್ತು. ಹೊಸ ಮಗು ಬಂದರೆ ಹೆಸರು ಕೇಳುವ ಮೊದಲು ಎರಡೂ ಕೈ ಚಾಚಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆಯುತ್ತಿದ್ದರು. ಎತ್ತರಕ್ಕಿಂತ ಚಾಚು ಹೆಚ್ಚಿದ್ದರೆ ಆ ಮಗುವಿನ ತಾಯಿಗೆ ಕುರ್ಚಿ ಸಿಗುತ್ತಿತ್ತು. ಜಗತ್ತಿನ ದೊಡ್ಡ ದೊಡ್ಡ ಆಟಗಾರರ ಪಂದ್ಯಗಳನ್ನು ಅವರು ಫೋನಿನಲ್ಲಿ ನಿಧಾನಗತಿಯಲ್ಲಿ ನೋಡುವವರು. ತೊಡೆ ಎಷ್ಟು ದಪ್ಪ, ಮೀನಖಂಡ ಎಷ್ಟು ಮೇಲಿದೆ, ಸೊಂಟ ಎಷ್ಟು ಸಡಿಲ ಎಂದು ಬೆರಳಿಟ್ಟು ತೋರಿಸುವರು. "ಬಾಡಿ ಸುಳ್ಳು ಹೇಳಲ್ರೀ," ಎನ್ನುವುದು ಅವರ ಮಂತ್ರ.

ಅವರ ಶಾಸ್ತ್ರದಲ್ಲಿ ಮನುಷ್ಯರು ಎರಡೇ ಜಾತಿ. ಎದುರಾಳಿಯೊಂದಿಗೆ ಕಾದಾಡುವ ಕುಮಿತೆ ಬಾಡಿ ಒಂದು. ಒಬ್ಬರೇ ನಿಂತು ಪಟ್ಟುಗಳನ್ನು ಚೆಂದಾಗಿ ತೋರಿಸುವ ಕತಾ ಬಾಡಿ ಇನ್ನೊಂದು. ಒಮ್ಮೆ ನಾನು ಕೈತುಂಬ ಸೊಪ್ಪಿನ ಕಟ್ಟು ಹಿಡಿದುಕೊಂಡು ಪಾರ್ಕಿನ ಮುಂದೆ ಹೋಗುತ್ತಿದ್ದಾಗ ಕರೆದು ಹೇಳಿದರು: "ಮೇಡಂ, ನಿಮ್ದು ಕತಾ ಬಾಡಿ. ಆದ್ರ ಟೈಮ್ ಮೀರೈತೆ." ನಾನು ಕಾನ್ವೆಂಟಿನಲ್ಲಿ ಓದಿದವಳು. ಎದುರು ಮಾತಾಡಿ ಅಭ್ಯಾಸವಿಲ್ಲ. ಥ್ಯಾಂಕ್ಯೂ ಹೇಳಿ ಬಂದೆ.

ಅವರದು ಯಾವ ಬಾಡಿ ಎಂದು ಕೇಳುವ ಧೈರ್ಯ ನಸೀಮಾಗೆ ಮಾತ್ರ ಇತ್ತು. ಅವಳ ಮಗಳು ಸನಾ ಚಿಕ್ಕವರ ಬ್ಯಾಚಿನಲ್ಲಿದ್ದಳು.

"ಸರ್, ಈ ಹೊಟ್ಟೆ ಯಾವ ಗುಂಪಿಗೆ ಬರ್ತೈತ್ರಿ?"

"ಜಪಾನದಾಗ ಹೊಟ್ಟೇನೇ ಶಕ್ತಿ ಕೇಂದ್ರ ಅಂತಾರಮ್ಮ," ಅಂದರು ಸರ್, ಒಂದಿಷ್ಟೂ ಅಳುಕದೆ. "ನಾನು ಸ್ಟಾಕ್ ಮಾಡೀನಿ."

ಆ ಸ್ಟಾಕು ಎಲ್ಲಿಂದ ಬರುತ್ತದೆಂದು ನನಗೆ ಒಂದು ಬೆಳಿಗ್ಗೆ ತಿಳಿಯಿತು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಪಾರ್ಸೆಲ್‌ಗೆ ನಿಂತಿದ್ದೆ. ಮೂಲೆಯ ಟೇಬಲಿನಲ್ಲಿ ಸರ್ ಗೋಡೆಗೆ ಮುಖ ಮಾಡಿ ಕೂತಿದ್ದರು. ಕರಗುತ್ತಿದ್ದ ಬೆಣ್ಣೆಯನ್ನು ದೋಸೆಯ ತುಂಡಿನಿಂದ ಎಷ್ಟು ಮೆಲ್ಲಗೆ ಸವರುತ್ತಿದ್ದರೆಂದರೆ, ನಮ್ಮ ಮಕ್ಕಳಿಗೆ ಆ ಮೃದುತ್ವ ಎಂದೂ ಸಿಕ್ಕಿರಲಿಲ್ಲ. ನನ್ನನ್ನು ಕಂಡವರೇ ನೆಟ್ಟಗೆ ಕೂತರು. "ಶತ್ರು ಹೆಂಗಿರ್ತಾನಂತ ತಿಳ್ಕಾಬೇಕ್ರಿ ಮೇಡಂ," ಎಂದರು. ಶತ್ರುವಿನ ಎರಡನೇ ಪ್ಲೇಟು ಅಷ್ಟರಲ್ಲಿ ಬಂತು.

ನಗುವುದು ಅಲ್ಲಿಯವರೆಗೆ ಸುಲಭವಿತ್ತು. ಆಯ್ಕೆಯ ದಿನ ಹತ್ತಿರ ಬಂದಂತೆ ನಮ್ಮ ಮನೆಗೆ ಇಕ್ಕಳದಂಥ ಒಂದು ಉಪಕರಣ ಬಂತು. ಮಗಳ ರೆಟ್ಟೆಯ ಚರ್ಮವನ್ನು ಅದರಲ್ಲಿ ಹಿಡಿದು, ಎಷ್ಟು ಕೊಬ್ಬಿದೆಯೆಂದು ನಾನೇ ನೋಡಿ ಸರ್‌ಗೆ ಹೇಳಬೇಕು. ಅನ್ನ ಬಂದ್, ಕೊಬ್ಬರಿ ಚಟ್ನಿ ಬಂದ್, ಕೊನೆಕೊನೆಗೆ ನೀರೂ ಲೆಕ್ಕದಲ್ಲಿ. "ಕೆಳಗಿನ ಗುಂಪಿನಾಗ ಈಕೇನೇ ಎಲ್ರಿಗಿಂತ ಎತ್ರ ಆಗ್ತಾಳ್ರಿ. ಮ್ಯಾಲಿನ ಗುಂಪಿನಾಗ ಆನೆಗಳಿರ್ತಾವ," ಎಂದಿದ್ದರು. ಇಂಚರಾಳ ತುಟಿ ಒಡೆಯಿತು. ಊಟದ ತಟ್ಟೆಯ ಮುಂದೆ ಕೂತು ಅವಳು ಬದನೆಕಾಯಿಯ ಹೋಳುಗಳನ್ನು ಅಂಚಿಗೆ ಜೋಡಿಸುತ್ತಿದ್ದಳು, ತಿನ್ನುತ್ತಿರಲಿಲ್ಲ. ಒಂದು ದಿನ ಕನ್ನಡಿಯ ಮುಂದೆ ತನ್ನ ರೆಟ್ಟೆಯನ್ನು ತಾನೇ ಚಿವುಟಿ ನೋಡಿಕೊಳ್ಳುತ್ತಿದ್ದುದು ಕಂಡಿತು. ಆ ರಾತ್ರಿ ನಮ್ಮವರಿಗೆ ಹೇಳಿದೆ, ಹರಿಹರದ್ದು ಮುಗಿಯಲಿ, ಅಲ್ಲಿಗೆ ಈ ಕರಾಟೆಯೂ ಮುಗಿಯಲಿ. ಬಾಗಿಲ ಹಿಂದಿನಿಂದ ಮಗಳ ದನಿ ಬಂತು: "ಒಂದ್ಸಲ ಆಡೋಕಾದ್ರೂ ಬಿಡಮ್ಮ."

ಆ ಭಾನುವಾರ ಹರಿಹರದ ಬಸ್ಸಿನಲ್ಲಿ ಸರ್ ಅವಳಿಗೆ ಹುಣಸೆಹಣ್ಣು ಕೊಟ್ಟರು, ಚೀಪಿ ಚೀಪಿ ಜೊಲ್ಲನ್ನು ಪ್ಲಾಸ್ಟಿಕ್ ಕವರಿಗೆ ಉಗುಳಲು. ಅದರಿಂದ ತೂಕ ಇಳಿಯುತ್ತದಂತೆ. ಹರಿಹರದಲ್ಲಿ ಇಳಿದ ಮೇಲೆ, ಬಿಸಿಲಿನಲ್ಲಿ ರೇನ್‌ಕೋಟು ತೊಡಿಸಿ ಕಲ್ಯಾಣ ಮಂಟಪದ ಸುತ್ತ ಓಡಿಸಿದರು. ಹಣ್ಣು ಮಾರುವವನೊಬ್ಬ ಆಕಾಶ ನೋಡಿದ, ಮಳೆ ಎಲ್ಲಿ ಎಂದು.

ಒಳಗೆ ತೂಕ ಮಾಡುತ್ತಿದ್ದ ಮಹಿಳಾ ಅಧಿಕಾರಿ ತಲೆ ಅಲ್ಲಾಡಿಸಿದರು. ಓಲೆ ತೆಗೆಸಿದರು, ಸಾಕ್ಸು ತೆಗೆಸಿದರು. ಆದರೂ ಒಂದು ಏಲಕ್ಕಿ ಬಾಳೆಹಣ್ಣಿನಷ್ಟು ಹೆಚ್ಚು.

ಸರ್ ಇಂಚರಾಳ ಜಡೆಯನ್ನೇ ನೋಡತೊಡಗಿದರು. "ಮೇಡಂ, ಜಡೆ ಎಷ್ಟು ತೂಕ ಇರ್ತೈತ್ರಿ?"

ನನ್ನ ಬಾಯಿಂದ ಮಾತು ಹೊರಡುವ ಮೊದಲೇ ನಸೀಮಾ ನಡುವೆ ಬಂದಳು. ಪಂದ್ಯ ನೋಡಲು ಸನಾಳನ್ನು ಕರೆದುಕೊಂಡು ನಮ್ಮ ಜೊತೆಗೇ ಬಂದಿದ್ದಳು. "ಮೊದ್ಲು ನಿಮ್ ಮೀಸೆ ಬೋಳಿಸಿ ತೂಗ್ರಿ ಸರ್. ಲೆಕ್ಕ ಸಿಗ್ತೈತೆ."

ಅಧಿಕಾರಿ ಪೆನ್ನು ಎತ್ತಿ ಹಿಡಿದು ಕೇಳಿದರು: "ಮೇಲಿನ ಗುಂಪಿಗೆ ಬರಕೊಳ್ಳೋದೋ, ವಾಪಸ್ ಕರ್ಕೊಂಡು ಹೋಗ್ತೀರೋ?"

"ವಾಪಸ್ ರೀ," ಎಂದರು ಸರ್. "ಆ ಆನೆಗಳ ನಡುವೆ ಹುಡುಗಿ ಪುಡಿ ಆಗ್ತಾಳ."

"ಬರಕೊಳ್ಳಿ ಮೇಡಂ," ಎಂದಳು ಇಂಚರಾ. ದನಿ ಒಣಗಿತ್ತು. ಆದರೆ ನನ್ನ ಕಡೆ ನೋಡಿದ ಕಣ್ಣು ಒಣಗಿರಲಿಲ್ಲ. ನಾನು ಸರ್ ಮುಖ ನೋಡದೆ, "ಬರಕೊಳ್ಳಿ," ಅಂದೆ.

ನಸೀಮಾಳ ಚೀಲದಿಂದ ಬಾಳೆಹಣ್ಣು ಬಂತು, ಮಂಡಕ್ಕಿ ಬಂತು, ಒಂದು ಬಾಟಲಿ ನೀರು ಬಂತು. ಮಗಳು ತಿನ್ನುವುದನ್ನು ನೋಡುತ್ತ ಕೂತೆ. ಮೂರು ವಾರಗಳಲ್ಲಿ ನಾನು ನೋಡಿದ ಅತ್ಯಂತ ಚೆಂದದ ದೃಶ್ಯ ಅದು.

ಆಮೇಲೆ ಕೆಳಗಿನ ಗುಂಪನ್ನು ಕರೆದರು. ಎದ್ದು ಬಂದ ಹುಡುಗಿಯರ ಸಾಲು ಮಂಟಪದ ಬಾಗಿಲವರೆಗೆ ಹೋಯಿತು. ಎಲ್ಲರೂ ಉದ್ದ, ಎಲ್ಲರೂ ಬಡಕಲು, ಎಲ್ಲರ ತುಟಿಯೂ ಒಡೆದಿತ್ತು. ಜಿಲ್ಲೆಯ ಪ್ರತಿಯೊಬ್ಬ ಸರ್‌ಗೂ ಒಂದೇ ಉಪಾಯ ಹೊಳೆದಿತ್ತು! ಮೊದಲ ಪಂದ್ಯದಲ್ಲೇ ಒಬ್ಬಳು ತಲೆ ಸುತ್ತಿ ಮ್ಯಾಟಿನ ಮೇಲೆ ಕೂತಳು. ಅವಳ ಸರ್ ಗ್ಲೂಕೋಸ್ ಹಿಡಿದು ಓಡಿ ಬಂದರು. ಅವರ ಹೊಟ್ಟೆಯೂ ಸಾಕಷ್ಟು ಮುಂದಿತ್ತು.

ಮೇಲಿನ ಗುಂಪಿನಲ್ಲಿ ಕರೆದದ್ದು ಎರಡೇ ಹೆಸರು. ಒಂದು ಇಂಚರಾ. ಇನ್ನೊಂದು ಮಲೆಬೆನ್ನೂರಿನ ರೇಣುಕಾ. ಗಿಡ್ಡ ಹುಡುಗಿ. ಗಟ್ಟಿ ಕಾಲು, ಮೋಟು ಕೈ, ದುಂಡು ಮುಖ. ತಿನ್ನಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಪಾಪ, ಕೈನೇ ಇಲ್ಲ," ಎಂದರು ನಮ್ಮ ಸರ್. ಮೊದಲ ಅಂಕ ಇಂಚರಾಳ ಉದ್ದ ಕಾಲಿಗೆ ಬಂತು. ಆಮೇಲೆ ಆ ಗಿಡ್ಡಿ, ಬಾಗಿಲು ಮುಚ್ಚುವ ಮೊದಲು ಬಸ್ಸು ಹತ್ತುವವರ ಹಾಗೆ, ಸರಕ್ಕನೆ ಒಳಗೆ ನುಗ್ಗಿ ಗುದ್ದತೊಡಗಿದಳು. ಇಬ್ಬರೂ ಬಿದ್ದರು, ಎದ್ದರು. ಇಂಚರಾಳ ಕೆನ್ನೆ ಊದಿತು. ಕೊನೆಗೆ ಒಂದೇ ಅಂಕದಲ್ಲಿ ಸೋತಳು, ನಗುತ್ತ ಬಂದಳು. ಪ್ರತಿ ಗುಂಪಿನಿಂದ ಇಬ್ಬರನ್ನು ಆರಿಸುವ ನಿಯಮ. ಇದ್ದದ್ದೇ ಇಬ್ಬರು. ನನ್ನ ಮಗಳು ಸೋತು ಜಿಲ್ಲಾ ತಂಡ ಸೇರಿದಳು.

ಸರ್ ನೆಟ್ಟಗೆ ರೇಣುಕಾಳ ಬಳಿ ಹೋಗಿ, ಅಭ್ಯಾಸಬಲದಿಂದ ಅವಳ ಕೈ ಚಾಚಿಸಿ ಟೇಪು ಹಿಡಿದರು. ಎತ್ತರಕ್ಕಿಂತ ಕಡಿಮೆ. ಮತ್ತೊಮ್ಮೆ ಹಿಡಿದರು.

"ಇಷ್ಟು ಗಿಡ್ಡ ಕೈಯಾಗ ಹೆಂಗ್ ಮುಟ್ಟಿಸ್ತೀಯಮ್ಮ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹತ್ರ ಹೋಗ್ತೀನ್ರಿ ಸರ್," ಅಂದಳು.

ಸರ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಟೇಪನ್ನು ಬೆರಳಿಗೆ ಸುತ್ತುತ್ತ ಹೇಳಿದರು. ಇಪ್ಪತ್ತರ ವಯಸ್ಸಿನಲ್ಲಿ ಅವರೂ ಒಂದು ದೊಡ್ಡ ಪಂದ್ಯದ ಕೊನೆಯ ಸುತ್ತಿಗೆ ಹೋಗಿದ್ದರಂತೆ. ಎದುರಿಗೆ ಉದ್ದ ತೋಳಿನ ಹುಡುಗ. "ಪಂದ್ಯ ಮುಗಿಯೋತನ ಅವನ ಎದೀಗೆ ನನ್ ಕೈ ಮುಟ್ಟಲೇ ಇಲ್ರೀ ಮೇಡಂ. ಮನೇಗೆ ಬಂದು ಮೊದ್ಲು ಮಾಡಿದ್ದೇ ಟೇಪ್ ಹುಡುಕಿದ್ದು." ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡರು. ನಿಜವಾಗಿ ಗಿಡ್ಡ ಕೈಗಳೇ. ಅಷ್ಟು ದಿನ ನಾನು ಹೊಟ್ಟೆಯನ್ನಷ್ಟೇ ನೋಡಿದ್ದೆ. ಬೈಯಲು ಕೂಡಿಟ್ಟ ಮಾತುಗಳಲ್ಲಿ ಅರ್ಧ ಅಲ್ಲೇ ಬಿದ್ದುಹೋಯಿತು. ಉಳಿದರ್ಧ ಈಗಲೂ ಇದೆ.

ಸಂಜೆ ಮತ್ತೆ ಗೇಟಿಗೆ ಬಂದರು. ಕೈಯಲ್ಲಿ ಶೇಂಗಾ ಉಂಡೆಯ ಪೊಟ್ಟಣ. ಮೆಟ್ಟಿಲ ಮೇಲಿನ ದುಃಖದ ಗುರುತೂ ಮುಖದಲ್ಲಿರಲಿಲ್ಲ. ಅಲ್ಲಿ ಹೊಸದೊಂದು ಶಾಸ್ತ್ರ ಬೆಳಗುತ್ತಿತ್ತು.

"ಇನ್ಮ್ಯಾಲೆ ಹುಡುಗಿಗೆ ತಿನ್ನಿಸ್ರಿ ಮೇಡಂ. ತುಪ್ಪ, ಕಾಳು, ಉಂಡೆ. ಕುಮಿತೆಗೆ ಗಟ್ಟಿ ಬಾಡೀನೇ ಬೇಕು, ನಾನು ಮೊದ್ಲಿಂದ ಅದನ್ನೇ ಹೇಳ್ತಿದ್ದೆ. ಬ್ಯಾರೆ ಸರ್‌ಗಳೆಲ್ಲಾ ಇವತ್ತೇ ಡಿಸೈಡ್ ಮಾಡ್ಯಾರ. ಮುಂದಿನ ಸಲ ಎಲ್ಲಾ ಮಕ್ಕಳೂ ಮ್ಯಾಲಿನ ಗುಂಪಿಗೇ."

"ಸರ್, ಅವಳು ತರಗತಿಗೆ ಬರ್ತಾಳೆ," ಅಂದೆ. "ಏನು ತಿನ್ನಬೇಕು ಅನ್ನೋದು ಮಾತ್ರ ನನ್ನ ಅಡುಗೆಮನೆಗೆ ಬಿಡಿ." ಜೀವನದಲ್ಲಿ ನಾನು ಆಡಿದ ಅತಿ ಒರಟು ಮಾತು ಅದೇ ಇರಬೇಕು. ಸರ್ ಬೆನ್ನು ಬಗ್ಗಿಸಿ, ಮಕ್ಕಳು ಅವರಿಗೆ ಮಾಡುವಂತೆ, ನನಗೆ ನಮಸ್ಕರಿಸಿದರು. ಬಾಗಲು ಹೊಟ್ಟೆ ಎಷ್ಟು ಬಿಟ್ಟಿತೋ ಅಷ್ಟು.

ಅವರು ನಮ್ಮ ಗೇಟಿನಲ್ಲಿ ನಿಂತದ್ದು ಅದೇ ಕೊನೆ. ಮರುವಾರವೇ ತರಗತಿಯನ್ನು ಮಲೆಬೆನ್ನೂರಿಗೆ ಬದಲಿಸಿಕೊಂಡರು, ಆ ಗಿಡ್ಡ ಕೈಯ ಹುಡುಗಿ ಇರುವಲ್ಲಿಗೆ. ಈಗ ನಮ್ಮ ಪಾರ್ಕಿನಲ್ಲಿ ಕಲಿಸುವವಳು ಆವರಗೆರೆಯಿಂದ ಬರುವ ಒಬ್ಬ ಯುವತಿ. ಒಳ್ಳೆಯವಳು, ಯಾರನ್ನೂ ಅಳೆಯುವುದಿಲ್ಲ. ಇಂಚರಾಗೆ ಅದೇ ಬೇಸರ. "ಸರ್ ಇದ್ದಿದ್ರೆ ನನ್ನ ಕೈ ಎಷ್ಟು ಬೆಳೆದಿದೆ ಅಂತ ಹೇಳೋರು," ಎನ್ನುತ್ತಾಳೆ.

ಆದರೆ ಆ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ಸ್ಕೂಟರ್ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ. ಒಳಗೆ ಇಂಚರಾ ಎರಡನೇ ಸಲ ಅನ್ನ ಹಾಕಿಸಿಕೊಂಡು ಕೂತಿದ್ದಳು. ಕಾಂಪೌಂಡಿನ ಆಚೆ ನಸೀಮಾ ಒಣಗಿದ ಬಟ್ಟೆ ತೆಗೆಯುತ್ತ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಕ್ಲಿಪ್ಪೊಂದನ್ನು ಬಾಯಿಂದ ತೆಗೆದು ಹೇಳಿದಳು:

"ಹಂಗಾದ್ರ ಮುಂದಿನ ಸಲ ನಮ್ ಸನಾನ್ನ ಕೆಳಗಿನ ಗುಂಪಿಗೆ ಹಾಕಿಬಿಡಣ ಬಿಡಕ್ಕಾ. ಅಲ್ಲಿ ಯಾರೂ ಇರಲ್ಲ."