ಹೂಡಿಕೆದಾರರ ಸಮ್ಮುಖದಲ್ಲಿ ನನ್ನ ಪತ್ನಿಯನ್ನು ಗದರಿದ ದಿನ

ಕಳೆದ ವರ್ಷ ಬೇಸಿಗೆಯ ಆರಂಭದಲ್ಲಿ ನಮ್ಮ ಮೈಸೂರಿನ ವಿಶ್ವವಿದ್ಯಾಲಯವೊಂದರ ಸಭಾಂಗಣದಲ್ಲಿ ನಡೆದ ಒಂದು ಪ್ರಸಂಗವನ್ನು ಓದುಗ ಬಂಧುಗಳ ಅವಗಾಹನೆಗೆ ತರಬಯಸುತ್ತೇನೆ. ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕನಾಗಿದ್ದು ನಿವೃತ್ತನಾಗಿರುವ ನಾನು, ಇದುವರೆಗೆ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದಕಾರಣ ಈ ಬರವಣಿಗೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕೆಂದು ಮೊದಲೇ ವಿನಂತಿಸುತ್ತೇನೆ.

ನಿವೃತ್ತಿಯ ನಂತರ ನನಗೆ ಗಂಟಲಿನ ಕ್ಯಾನ್ಸರ್ ಇರುವುದು ಪತ್ತೆಯಾಗಿ, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆಯಲಾಯಿತು. ಜೀವ ಉಳಿಯಿತು, ಮಾತು ಹೋಯಿತು. ಗಂಟಲಿಗೆ ಒತ್ತಿ ಹಿಡಿದು ಮಾತನಾಡುವ ಒಂದು ಉಪಕರಣವನ್ನು ಕೊಟ್ಟಿದ್ದರು. ಅದರಿಂದ ಹೊರಟ ಸದ್ದನ್ನು ಕೇಳಿ ನನ್ನ ಪತ್ನಿ ಗೌರಮ್ಮ, "ಬ್ಯಾಡ ಕಣ್ರೀ, ಮಿಕ್ಸಿ ತಿರುಗ್ದಂಗೆ ಆಯ್ತದೆ. ಬರ್ದು ತೋರ್ಸಿ, ಸಾಕು" ಎಂದಳು. ಅಂದಿನಿಂದ ನಾನು ಬರೆದು ತೋರಿಸುವುದು, ಅವಳು ಓದಿಕೊಂಡು ಉತ್ತರಿಸುವುದು ನಮ್ಮ ಒಂಟಿಕೊಪ್ಪಲಿನ ಮನೆಯ ರೂಢಿಯಾಯಿತು.

ಆ ವ್ಯವಸ್ಥೆಯೂ ಬಹಳ ಕಾಲ ನಡೆಯಲಿಲ್ಲ. ಅವಳ ಎರಡೂ ಕಣ್ಣುಗಳಲ್ಲಿ ಒತ್ತಡ ಹೆಚ್ಚಾಗಿ ದೃಷ್ಟಿ ಮಂಕಾಗುತ್ತಾ ಬಂದಿತು. ಎದುರಿಗೆ ಒಬ್ಬರು ನಿಂತಿದ್ದಾರೆಂದು ತಿಳಿಯುತ್ತಿತ್ತೇ ಹೊರತು ಅಕ್ಷರ ಎಷ್ಟು ದೊಡ್ಡದಾಗಿದ್ದರೂ ಕಾಣುತ್ತಿರಲಿಲ್ಲ. ಅವಳು ಆಡಿದ್ದು ನನಗೆ ಕೇಳುತ್ತಿತ್ತು. ನಾನು ಹೇಳಬೇಕಾದದ್ದು ಅವಳಿಗೆ ತಲುಪುತ್ತಿರಲಿಲ್ಲ. ಗಂಟಲಿಗೆ ಒತ್ತುವ ಉಪಕರಣವನ್ನು ಮತ್ತೆ ಹಿಡಿದು ನೋಡಿದೆ, ಅದರ ಸದ್ದಿನಲ್ಲಿ ಒಂದು ಮಾತೂ ಅವಳಿಗೆ ತಿಳಿಯಲಿಲ್ಲ. ಅವಳ ಅಂಗೈಯಲ್ಲಿ ಬೆರಳಿನಿಂದ ಬರೆದು ನೋಡಿದೆ. ಉಪ್ಪು ಎಂದು ಬರೆದರೆ ತುಪ್ಪ ತಂದಿಡುತ್ತಿದ್ದಳು. ಲಕ್ಷ್ಮೀಪುರಂನಲ್ಲಿರುವ, ಶಾಲಾ ಶಿಕ್ಷಕಿಯಾದ ನಮ್ಮ ಮಗಳು ಸಂಜೆ ಶಾಲೆ ಮುಗಿಸಿ ಬಂದಾಗ ನಾನು ಬರೆದಿಟ್ಟಿದ್ದನ್ನು ತಾಯಿಗೆ ಓದಿ ಹೇಳುತ್ತಿದ್ದಳು. ಹೀಗಾಗಿ ಬೆಳಗಿನ ಮಾತುಗಳನ್ನೆಲ್ಲ ಸಂಜೆಯವರೆಗೆ ಬಾಕಿ ಇಡಬೇಕಾಗುತ್ತಿತ್ತು. ಬಾಕಿ ಉಳಿದ ಮಾತಿಗೆ ರುಚಿ ಇರುವುದಿಲ್ಲ ಎಂಬುದನ್ನು ಆಗ ಅರಿತೆ. ಕ್ರಮೇಣ ನಾನು ಬರೆಯುವುದನ್ನೇ ಕಡಿಮೆ ಮಾಡಿದೆ. ಅವಳೂ ನನ್ನೊಡನೆ ಮಾತನಾಡುವುದನ್ನು ಕಡಿಮೆ ಮಾಡಿದಳು.

ಹೀಗಿರುವಾಗ ವಾಕ್ ಚಿಕಿತ್ಸೆಗೆಂದು ಹೋಗುತ್ತಿದ್ದ ಕಡೆಯಲ್ಲಿ ನನಗೆ ಇಬ್ಬರು ವಿದ್ಯಾರ್ಥಿಗಳ ಪರಿಚಯವಾಯಿತು. ಒಬ್ಬಳು ನಂಜನಗೂಡಿನ ಕಡೆಯ ಸಹನಾ, ಇನ್ನೊಬ್ಬ ಧಾರವಾಡದ ಇರ್ಫಾನ್. ಇಬ್ಬರೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದಲ್ಲಿ ಕೊನೆಯ ವರ್ಷದಲ್ಲಿದ್ದು, ಮಾತು ಕಳೆದುಕೊಂಡವರಿಗಾಗಿ ಒಂದು ಯಂತ್ರವನ್ನು ಸಿದ್ಧಪಡಿಸುತ್ತಿದ್ದರು. ಕೆನ್ನೆಗೂ ಗಲ್ಲದ ಕೆಳಗೂ ತೆಳುವಾದ ಪಟ್ಟಿಗಳನ್ನು ಅಂಟಿಸಿಕೊಂಡು, ಕೊರಳಿಗೆ ಒಂದು ಸಣ್ಣ ಪೆಟ್ಟಿಗೆಯನ್ನು ತೂಗುಹಾಕಿಕೊಳ್ಳಬೇಕು. ಸದ್ದಿಲ್ಲದೆ ಬಾಯಿ ಆಡಿಸಿದರೆ ಸ್ನಾಯುಗಳ ಚಲನೆಯನ್ನು ಗುರುತಿಸಿ ಪೆಟ್ಟಿಗೆಯೇ ಆ ವಾಕ್ಯವನ್ನು ನುಡಿಯುತ್ತದೆ. ಆದರೆ ಅದಕ್ಕೆ ಮೊದಲೇ ಕಲಿಸಿಕೊಟ್ಟ ವಾಕ್ಯಗಳು ಮಾತ್ರ ಬರುತ್ತವೆ. ಒಂದೊಂದನ್ನೂ ಹಲವು ಬಾರಿ ಬಾಯಾಡಿಸಿ ಅಭ್ಯಾಸ ಮಾಡಿಸಬೇಕು. ನನ್ನ ದನಿಗೂ ನನ್ನ ತಮ್ಮನ ದನಿಗೂ ಬಹಳ ಹೋಲಿಕೆ ಇದ್ದುದರಿಂದ ಅವನು ಬಂದು ಯಂತ್ರಕ್ಕೆ ತನ್ನ ದನಿಯ ಮಾದರಿಯನ್ನು ಕೊಟ್ಟನು. ಯಾವ ವಾಕ್ಯವನ್ನು ಕಲಿಸಿದರೂ ಯಂತ್ರ ಅದೇ ದನಿಯಲ್ಲಿ ನುಡಿಯುತ್ತಿತ್ತು.

ಮನೆಯಲ್ಲಿ ದಿನನಿತ್ಯ ಆಡುವ ಮಾತುಗಳನ್ನು ಬರೆದುಕೊಡುವಂತೆ ಇರ್ಫಾನ್ ಕೇಳಿಕೊಂಡನು. ನಾನು ಒಂದೇ ಸಲ ಕುಳಿತು ಅಚ್ಚುಕಟ್ಟಾಗಿ ಬರೆದು ಒಪ್ಪಿಸಿದೆ. ಅವನು ಸಂತೋಷದಿಂದ ಅದನ್ನು ಯಂತ್ರಕ್ಕೆ ಸೇರಿಸಿದನು. ಸಹನಾಳಿಗೆ ಪಟ್ಟಿ ಹಾಗೂ ಪೆಟ್ಟಿಗೆಯ ಕೆಲಸವೇ ಸಾಕಷ್ಟಿದ್ದುದರಿಂದ ಅವಳು ಸಭೆಯಲ್ಲಿ ಹೇಳಬೇಕಾದ ವಂದನೆಯ ಮಾತುಗಳನ್ನು ಮಾತ್ರ ಕೇಳಿದ್ದಳು.

ವಿದ್ಯಾರ್ಥಿಗಳ ನವೋದ್ಯಮಗಳನ್ನು ಹೂಡಿಕೆದಾರರಿಗೆ ಪರಿಚಯಿಸುವ ದಿನ ನಿಗದಿಯಾಯಿತು. "ಅಂಕಲ್, ಯಾರಾದ್ರೂ ಕೈಹಿಡಿದ್ರೆ ಮುಂದೆ ಹೋಗ್ತೀವಿ. ಇಲ್ದಿದ್ರೆ ನಮ್ಮ ಕೋರ್ಸ್ ಮುಗೀತಿದ್ದಂಗೆ ಇದೂ ಮುಗ್ದೋಗತ್ತೆ. ಪೆಟ್ಟಿಗೆಯನ್ನ ವಿಭಾಗಕ್ಕೆ ವಾಪಸ್ ಕೊಟ್ಟು ಕೆಲಸಕ್ಕೆ ಸೇರ್ಕೋಬೇಕು" ಎಂದು ಸಹನಾ ಹೇಳಿದಳು. ಸದರಿ ಪೆಟ್ಟಿಗೆಯನ್ನು ಪ್ರಯೋಗಾಲಯದಿಂದ ಹೊರಗೆ ಕೊಂಡೊಯ್ಯಲು ಅನುಮತಿ ಇರಲಿಲ್ಲ. ಆದ್ದರಿಂದ ಗೌರಮ್ಮ ಅದರ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂದು ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟಳು. ಮಗಳು ಜಡೆಗೆ ಮಲ್ಲಿಗೆ ಮುಡಿಸುತ್ತಾ, "ಯಾರ್ ಮದುವೆಗಮ್ಮಾ?" ಎಂದು ಛೇಡಿಸಿದಳು.

"ಸುಮ್ನಿರೇ. ನಿಮ್ಮಪ್ಪ ಇವತ್ ಮಾತಾಡ್ತರೆ" ಎಂದು ಉತ್ತರಿಸಿದ ಗೌರಮ್ಮ, ಆಮೇಲೆ ನಾನಿದ್ದ ದಿಕ್ಕಿಗೆ ತಿರುಗಿ, "ಮಾತಾಡ್ತೀರಿ ತಾನೆ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅದು ಅವಳಿಗೆ ಕಂಡಿತೋ ಇಲ್ಲವೋ ತಿಳಿಯದು.

ಸಭಾಂಗಣದಲ್ಲಿ ಹೂಡಿಕೆದಾರರು ಮುಂದಿನ ಸಾಲಿನಲ್ಲಿದ್ದರು. ವಿದ್ಯಾರ್ಥಿಗಳು ಒಂದೊಂದು ತಂಡವಾಗಿ ವೇದಿಕೆಗೆ ಬಂದು ತಮ್ಮ ಹೊಸ ತಂತ್ರಜ್ಞಾನವನ್ನು ವಿವರಿಸುತ್ತಿದ್ದರು. ನಮ್ಮ ಸರದಿ ಬಂದಾಗ ಸಹನಾ ಚೆನ್ನಾಗಿಯೇ ಮಾತನಾಡಿದಳು. ನಂತರ ನಾನು ಬಾಯಾಡಿಸಿದೆ. "ಸನ್ಮಾನ್ಯರೇ, ತಮಗೆಲ್ಲರಿಗೂ ನನ್ನ ಗೌರವಪೂರ್ವಕ ವಂದನೆಗಳು" ಎಂದು ಪೆಟ್ಟಿಗೆ ನುಡಿಯಿತು. ಇಡೀ ಸಭೆ ಚಪ್ಪಾಳೆ ತಟ್ಟಿತು.

ಹೂಡಿಕೆದಾರರಲ್ಲಿ ಬೆಂಗಳೂರಿನಿಂದ ಬಂದಿದ್ದ ನಡುವಯಸ್ಸಿನ ಮಹಿಳೆಯೊಬ್ಬರಿದ್ದರು. ಅವರು, "ಸರ್, ಸಭೆಗೆ ಮಾತಾಡಿದ್ದು ಚೆನ್ನಾಗಿತ್ತು. ಮನೆಯವರು ಬಂದಿದಾರಾ? ಅವರ ಜೊತೆ ಒಂದ್ನಾಲ್ಕು ಮಾತಾಡಿ, ಕೇಳೋಣ" ಎಂದರು. ಮಗಳು ತಾಯಿಯ ಕೈಹಿಡಿದು ವೇದಿಕೆಗೆ ಕರೆತಂದು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿದಳು.

ಎಷ್ಟೋ ಕಾಲದಿಂದ ಕಾದಿದ್ದ ಗಳಿಗೆ ಅದು. ನಾನು ಬಾಯಾಡಿಸಿದೆ. ಪೆಟ್ಟಿಗೆಯು ಸ್ಪಷ್ಟವಾಗಿ, "ತಾವು ಬೆಳಗಿನ ಉಪಾಹಾರವನ್ನು ಸ್ವೀಕರಿಸಿರುತ್ತೀರಾ?" ಎಂದು ಕೇಳಿತು.

ಸಭೆಯಲ್ಲಿ ನಗು ಎದ್ದಿತು. ಗೌರಮ್ಮ ನಗಲಿಲ್ಲ. ಗಾಬರಿಯಾಗಿ ಇನ್ನೊಂದು ವಾಕ್ಯವನ್ನು ಪ್ರಯತ್ನಿಸಿದೆ. "ಒಂದು ಲೋಟ ಕಾಫಿಯನ್ನು ಆದಷ್ಟು ಶೀಘ್ರವಾಗಿ ಒದಗಿಸತಕ್ಕದ್ದು" ಎಂದಿತು. ನಗು ಇನ್ನೂ ಜೋರಾಯಿತು.

ಗೌರಮ್ಮ ಕುರ್ಚಿಯಲ್ಲೇ ಪಕ್ಕಕ್ಕೆ ತಿರುಗಿ, "ಇದು ಯಾರ್ ಕಣಮ್ಮ ಮಾತಾಡ್ತಿರೋದು? ನಮ್ಮನೆಯವರು ಎಲ್ಲವ್ರೆ?" ಎಂದು ಸಹನಾಳನ್ನು ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ. ನಗುತ್ತಿದ್ದವರೆಲ್ಲ ಸುಮ್ಮನಾದರು.

ತಪ್ಪು ಎಲ್ಲಿ ಆಯಿತೆಂಬುದು ಆಗ ಎಲ್ಲರಿಗೂ ತಿಳಿಯಿತು. ಸೇವಾವಧಿಯುದ್ದಕ್ಕೂ ಟಿಪ್ಪಣಿ, ಸುತ್ತೋಲೆ, ಜ್ಞಾಪನಗಳನ್ನು ಬರೆದ ಕೈ ಇದು. ಮನೆಯ ಮಾತನ್ನು ಬರೆಯೆಂದರೂ ಅದಕ್ಕೆ ಬಂದದ್ದು ಆ ಭಾಷೆಯೇ. ಮಾತು ಬರೆಯುವಂಥದ್ದಲ್ಲವೆಂದು ನನಗೆ ಹೊಳೆದಿರಲಿಲ್ಲ. ಸಹನಾ ಮೆಲ್ಲಗೆ, "ಇರ್ಫಾನ್, ಇದನ್ನ ಓದಿ ನಿಂಗೇನೂ ಅನ್ನಿಸ್ಲಿಲ್ವೇನೋ?" ಎಂದಳು.

"ನಾ ಏನ್ ತಿಳ್ಕೊಂಡಿದ್ದೆ ಅಂದ್ರ, ಮೈಸೂರಾಗ ಹಿರ್ಯಾರು ಮನ್ಯಾಗೂ ಹಿಂಗ ಮಾತಾಡ್ತಾರ ಅಂತ!" ಎಂದು ಆ ಹುಡುಗ ಅಳುಮುಖ ಮಾಡಿಕೊಂಡು ಹೇಳಿದನು. ಮೈಕು ಅವನ ಹತ್ತಿರವೇ ಇದ್ದುದರಿಂದ ಅದು ಸಭೆಗೆಲ್ಲ ಕೇಳಿಸಿತು.

ನಮಗೆ ಕೊಟ್ಟಿದ್ದ ಸಮಯ ಮುಗಿದಿದೆಯೆಂದು ನಿರೂಪಕರು ತಿಳಿಸಿದರು. ಸಹನಾ ತಂತಿಗಳನ್ನು ಸುತ್ತತೊಡಗಿದಳು. ಅಷ್ಟರಲ್ಲಿ ಆ ಮಹಿಳೆ ಎದ್ದು ನಿಂತು ಗೌರಮ್ಮನನ್ನು, "ಅಮ್ಮಾ, ಹಾಗಾದ್ರೆ ಇವರು ಮನೇಲಿ ಹೇಗೆ ಮಾತಾಡ್ತಿದ್ರು? ನೆನಪಿದ್ಯಾ?" ಎಂದು ಕೇಳಿದರು.

"ನೆನಪಿಲ್ದೆ ಏನವ್ವ? ದಿನಾ ಕೇಳ್ತಾನೆ ಇರ್ತೀನಲ್ಲ ತಲೆಯೊಳ್ಗೆ. ಆದ್ರೆ ಅವ್ನೆಲ್ಲಾ ಇಲ್ಲಿ ಹೇಳ್ಬೋದಾ, ದೊಡ್ಡೋರ್ ಮುಂದೆ?"

"ಹೇಳಿ, ಪರವಾಗಿಲ್ಲ."

ಗೌರಮ್ಮ ಸೆರಗನ್ನು ಸರಿಪಡಿಸಿಕೊಂಡು, ಕತ್ತು ಸ್ವಲ್ಪ ಎತ್ತಿ, ನಾನು ಹಜಾರದಿಂದ ಅಡಿಗೆಮನೆಗೆ ಕೂಗುತ್ತಿದ್ದ ರೀತಿಯಲ್ಲೇ ಕೂಗಿದಳು: "ಏ ಗೌರೀ, ಎಲ್ ಸತ್ತೋದ್ಯೇ? ಕಾಫಿ ತಣ್ಗಾಯ್ತು!"

ಸಭೆ ಹೊಟ್ಟೆ ತುಂಬ ನಕ್ಕಿತು. ನಾನು ಮರೆತೇಬಿಟ್ಟಿದ್ದ ನನ್ನ ಗಂಟಲು ಅವಳ ಗಂಟಲಿನಲ್ಲಿತ್ತು.

ಆ ಮಹಿಳೆ ನಿರೂಪಕರ ಕಡೆ ತಿರುಗಿ, "ಚಹಾ ವಿರಾಮ ಈಗಲೇ ಕೊಟ್ಬಿಡಿ" ಎಂದು ಹೇಳಿ, ಸಹನಾಳಿಗೆ, "ಇದೊಂದು ವಾಕ್ಯ ಕಲಿಸಿ ನೋಡೋಣ. ವಿರಾಮ ಮುಗಿದ ತಕ್ಷಣ ಕೇಳ್ತೀನಿ" ಎಂದರು.

ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ವೇದಿಕೆಯ ಮೇಲೆ ನಾವು ನಾಲ್ವರು ಉಳಿದೆವು. ಗೌರಮ್ಮ ವಾಕ್ಯವನ್ನು ಹೇಳಿಕೊಡುವುದು, ನಾನು ಬಾಯಾಡಿಸುವುದು, ಸಹನಾ ಲ್ಯಾಪ್‌ಟಾಪಿನಲ್ಲಿ ನೋಡಿ ತಲೆ ಅಲ್ಲಾಡಿಸುವುದು, ಹೀಗೆ ಸಾಗಿತು. ಯಂತ್ರ ಹಿಡಿಯಲೊಲ್ಲದು. ನನ್ನ ಬಾಯಿಗೆ ಆ ಮಾತಿನ ರೂಢಿ ತಪ್ಪಿತ್ತು. ಕಾಗದ ನೋಡಿ ಓದುವವನಂತೆ ಅಕ್ಷರ ಅಕ್ಷರವಾಗಿ ತುಟಿ ಬಿಡಿಸುತ್ತಿದ್ದೆ.

ಗೌರಮ್ಮ ಎದ್ದು ಬಂದು ಎರಡೂ ಕೈಗಳಿಂದ ನನ್ನ ಮುಖವನ್ನು ಹಿಡಿದಳು.

"ಅಮ್ಮಾರ, ಅದನ್ ಮುಟ್ಟಬ್ಯಾಡ್ರಿ, ಪಟ್ಟಿ ಕಿತ್ತ್ ಬರ್ತದ" ಎಂದು ಇರ್ಫಾನ್ ಧಾವಿಸಿದನು. ಸಹನಾ ಅವನ ತೋಳು ಹಿಡಿದು ನಿಲ್ಲಿಸಿದಳು.

ಪಟ್ಟಿಗಳನ್ನು ತಪ್ಪಿಸಿ ಅವಳ ಬೆರಳುಗಳು ನನ್ನ ತುಟಿಯ ಮೇಲೆ, ಗಲ್ಲದ ಮೇಲೆ ನಿಂತವು. "ಈಗ ಹೇಳಿ" ಎಂದಳು. ನಾನು ಬಾಯಾಡಿಸಿದೆ. "ಊಂಹೂಂ. ಇಷ್ಟ್ ಮೆತ್ತಗೆ ಯಾವತ್ತು ಕರ್ದಿದ್ರಿ ನನ್ನ? ಬಯ್ರೀ! ದವಡೆ ಗಟ್ಟಿ ಮಾಡಿ. ಹಾಂ... ಹಂಗೆ. ಇವ್ರೇ ಇವ್ರೇ!" ಎಂದಳು. ಹಾಗೆಯೇ ಹಲವು ಬಾರಿ ಬಾಯಾಡಿಸಿದ ಮೇಲೆ ಸಹನಾ ಆ ವಾಕ್ಯವನ್ನು ಯಂತ್ರಕ್ಕೆ ಸೇರಿಸಿದಳು.

ವಿವಾಹವಾದ ದಿನ ಪುರೋಹಿತರು ಹೇಳಿದರೆಂದು ಕೈಹಿಡಿದದ್ದನ್ನು ಬಿಟ್ಟರೆ, ಪರರ ಎದುರಿನಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದವರಲ್ಲ. ಅಂದು ಆ ತೆರೆದ ವೇದಿಕೆಯಲ್ಲಿ ನನಗೆ ಸಂಕೋಚವಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಜನ ಮರಳಿ ಬಂದು ಕುಳಿತರು. ಗೌರಮ್ಮ ತನ್ನ ಕುರ್ಚಿಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. ನಾನು ಬಾಯಾಡಿಸಿದೆ. ಪೆಟ್ಟಿಗೆಯು ಕ್ಷಣಕಾಲ ತಡೆದು, "ತಮ್ಮ ಆಗಮನವನ್ನು ನಿರೀಕ್ಷಿಸಲಾಗಿರುತ್ತದೆ" ಎಂದಿತು. ಯಾರೋ ಹಿಂದೆ ಕಿಸಕ್ಕೆಂದರು. ಇರ್ಫಾನ್ ತಲೆಯ ಮೇಲೆ ಕೈಯಿಟ್ಟುಕೊಂಡನು.

ನನಗೆ ನಿಜವಾಗಿಯೂ ಸಿಟ್ಟು ಬಂದಿತು. ಯಂತ್ರದ ಮೇಲೋ, ನನ್ನ ರೋಗದ ಮೇಲೋ, ಹೇಳಲಾರೆ. ದವಡೆ ಬಿಗಿದು ಮತ್ತೊಮ್ಮೆ ಬಾಯಾಡಿಸಿದೆ.

"ಏ ಗೌರೀ, ಎಲ್ ಸತ್ತೋದ್ಯೇ? ಕಾಫಿ ತಣ್ಗಾಯ್ತು!"

"ಬಂದೆ ಕಣ್ರೀ, ಇರೋದು ಎರಡೇ ಕೈ ನಂಗೆ!" ಎಂದು ಗೌರಮ್ಮ ಕೂಡಲೇ ಕೂಗಿ, ಏಳಲೆಂದು ಕುರ್ಚಿಯ ತೋಳಿಗೆ ಕೈಯೂರಿಯೂ ಬಿಟ್ಟಳು.

ಅವಳು ಯೋಚಿಸಿ ಹೇಳಿದ್ದಲ್ಲ. ಕರೆ ಬಂದಿತು, ಓಗೊಟ್ಟಳು, ಅಷ್ಟೆ. ತಾನು ಎಲ್ಲಿದ್ದೇನೆಂಬುದು ಆಮೇಲೆ ಅರಿವಾಗಿ, ಅರ್ಧ ಎದ್ದವಳು ಹಾಗೆಯೇ ಕುಳಿತು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಮಗಳು ಮೆಟ್ಟಿಲ ಬಳಿ ನಿಂತು ಅಳುತ್ತಿದ್ದಳು.

ಆ ಮಹಿಳೆ ವೇದಿಕೆಯ ಹತ್ತಿರಕ್ಕೆ ಬಂದರು. "ನಿಮ್ಮ ಯಂತ್ರ ಇನ್ನೂ ಸಿದ್ಧ ಇಲ್ಲ ಕಣಮ್ಮ ಸಹನಾ, ಸುಳ್ಳು ಹೇಳಲ್ಲ. ಆದ್ರೆ ಒಂದು ವಿಷಯ ಇವತ್ತು ಗೊತ್ತಾಯ್ತು. ಮಾತು ಕಳ್ಕೊಂಡವರ ಹತ್ರ ಮಾತು ಬರೆಸ್ಕೋಬೇಡಿ. ಆ ಮಾತಿಗಾಗಿ ಕಾಯ್ತಿರೋರನ್ನ ಕೇಳಿ. ಇಂಥ ಇನ್ನೂ ಕೆಲವು ಮನೆಗಳಲ್ಲಿ ಕೂತು ಕಲಿಸ್ಕೊಂಡು ಬನ್ನಿ. ಅಲ್ಲೀವರೆಗೆ ನಿಮ್ಮ ಕೆಲಸ ನಿಲ್ಲದಂಗೆ ನಾನು ನೋಡ್ಕೋತೀನಿ" ಎಂದರು. ಸಹನಾಳೂ ಇರ್ಫಾನನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಭಾಗದ ಪ್ರಾಧ್ಯಾಪಕರು ಅಂದೇ ವಿಶೇಷ ಅನುಮತಿ ನೀಡಿ ಪೆಟ್ಟಿಗೆಯನ್ನು ನನ್ನೊಂದಿಗೆ ಮನೆಗೆ ಕಳುಹಿಸಿಕೊಟ್ಟರು.

ಆ ನಂತರದ ದಿನಗಳಲ್ಲಿ ಸಹನಾ ಮತ್ತು ಇರ್ಫಾನ್ ನಮ್ಮ ಮನೆಗೆ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು, ಗೌರಮ್ಮ ಹೇಳಿದ ನನ್ನ ಮಾತುಗಳನ್ನು ಬರೆದುಕೊಂಡರು. ನಾನು ಎಷ್ಟು ಮುಂಗೋಪಿಯಾಗಿದ್ದೆನೆಂದು ಇಬ್ಬರು ಮಕ್ಕಳಿಗೂ ಚೆನ್ನಾಗಿ ತಿಳಿಯಿತು.

ಇನ್ನು ಒಂದೇ ವಿಷಯವನ್ನು ತಿಳಿಸಿ ಮುಗಿಸುತ್ತೇನೆ. ಯಂತ್ರಕ್ಕೆ ಇನ್ನೂ ಕೆಲವೇ ವಾಕ್ಯಗಳು ಬರುತ್ತಿದ್ದ ಒಂದು ಬೆಳಿಗ್ಗೆ, ಗೌರಮ್ಮ ಯಾರಿಗೂ ಹೇಳದೆ ಒಬ್ಬಳೇ ರಸ್ತೆ ದಾಟಿ ಹೂವಿನಂಗಡಿಗೆ ಹೋಗಿ ಬಂದಳು. ನಾನು ಬಾಗಿಲಲ್ಲೇ ತಡೆದು, ಪೆಟ್ಟಿಗೆಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬಳಸಿ ಗದರಿದೆ. ಅವಳೂ ಬಿಡಲಿಲ್ಲ. "ಕಣ್ ಹೋಯ್ತು ಅಂತ ಕಾಲೂ ಹೋಗ್ಬುಡ್ತಾ?" ಎಂದು ತಿರುಗಿಬಿದ್ದಳು. ಮಾತು ಬೆಳೆದು, ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಂತಾಯಿತು. ಜಗಳದ ನಡುವೆ ನನ್ನ ವಾಕ್ಯಗಳು ಮುಗಿದುಹೋದವು.

ಗೌರಮ್ಮ ಒಂದು ಗಳಿಗೆ ಕಾದಳು. ಆಮೇಲೆ ಹೂವಿನ ಪೊಟ್ಟಣವನ್ನು ಕಂಕುಳಿಗೆ ಸೇರಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಈಗ ನೀವು, 'ಹೇಳುದ್ರೆ ಕೇಳಲ್ಲ ಕಣೇ ನೀನು' ಅನ್ಬೇಕು. ಎಲ್ಲಿ, ಅನ್ನಿ" ಎಂದಳು.

ಆ ವಾಕ್ಯ ಪೆಟ್ಟಿಗೆಗೆ ಬರುತ್ತಿರಲಿಲ್ಲ. ಆದರೂ ನಾನು ಬಾಯಾಡಿಸಿದೆ. ಅವಳು ಕೈ ಚಾಚಿ ನನ್ನ ತುಟಿಗಳನ್ನು ಮುಟ್ಟಿ ನೋಡಿ, "ಹಾಂ, ಕೇಳ್ತು ಬುಡಿ" ಎಂದು ಒಳಗೆ ಹೋದಳು.