ಬೋರಿನ ಶಾಂತವೀರಪ್ಪನ ಮೂರನೇ ನಕಲು

ಅವನ ಹೆಸರು ನಾನು ಮೊದಲು ಕೇಳಿದ್ದು ನಮ್ಮ ಬಾವಿಯ ದಂಡೆಯ ಮೇಲೆ. ಎಂಬತ್ತಾರನೇ ಇಸವಿ, ಮಳೆ ಕೈಕೊಟ್ಟ ಎರಡನೇ ವರ್ಷ. ವಲಾಂಡಿಯ ಅರ್ಧ ಊರು ಆಗ ನಮ್ಮ ಬಾವಿಗೇ ಬರುತ್ತಿತ್ತು. ಎಪ್ಪತ್ತೆರಡರ ಬರದಲ್ಲಿ ನಮ್ಮ ಮನಿಯವರು ತೋಡಿದ ಬಾವಿ ಅದು, ನಲವತ್ತೆರಡು ಫೂಟು. ಅವರು ಕೆಳಗೆ ಕಲ್ಲು ಒಡೆಯುವುದು, ನಾನು ಮೇಲೆ ನಿಂತು ಬುಟ್ಟಿ ಎಳೆಯುವುದು. ಹಗ್ಗದ ಗೆರೆ ಇನ್ನೂ ನನ್ನ ಅಂಗೈಯಲ್ಲಿದೆ.

ಅವತ್ತು ನೀರಿಗೆ ಬಂದ ಮಲಕಮ್ಮ ಕೊಡ ಕೆಳಗಿಟ್ಟು ಹೇಳಿದಳು, “ಅಕ್ಕಾ, ವಿಶ್ವನಾಥಪ್ಪನ ಹೊಲದಾಗ ಬೋರಿನ ಗಾಡಿ ಬಂದದ. ಔರಾದದಿಂದ ಶಾಂತವೀರಪ್ಪ ಅಂತ ಒಬ್ಬಾಂವ ಬಂದಾನ. ಅಂಗೈಯಾಗ ತೆಂಗಿನಕಾಯಿ ಇಟ್ಟುಕೊಂಡು ಹೊಲ ತುಂಬ ತಿರಗತಾನ. ಕಾಯಿ ಎದ್ದು ನಿಂತಲ್ಲಿ ನೀರು ಅದ ಅಂತಾನ.”

“ಕಾಯಿ ಯಾಕ ಬೇಕು? ನಮ್ಮ ಬಾವಿ ಕಾಣಂಗಿಲ್ಲೇನು ಅವನ ಕಣ್ಣಿಗಿ?”

ನಾನು ಅಂದದ್ದೇ ಖರೆ ಆಯಿತು. ವಿಶ್ವನಾಥಪ್ಪನ ಹೊಲ ನಮ್ಮ ಹೊಲಕ್ಕೆ ಹತ್ತಿದ್ದು. ಕಾಯಿ ಎದ್ದು ನಿಂತದ್ದು ನಮ್ಮ ಬಾವಿಯಿಂದ ಬರೀ ಮೂವತ್ತು ಹೆಜ್ಜೆ ದೂರ. ಮರುದಿನ ನೀರು ಮನೆಯೆತ್ತರ ಹಾರಿತು. ವಿಶ್ವನಾಥಪ್ಪ ಊರಿಗೆಲ್ಲ ಸಕ್ಕರೆ ಹಂಚಿದ. ಮುಂದಿನ ಯುಗಾದಿ ಪಾಡ್ಯಕ್ಕೆ ನಮ್ಮ ಬಾವಿಯಲ್ಲಿ ಕೊಡ ಬಿಟ್ಟರೆ ಕಲ್ಲಿಗೆ ಬಡಿದ ಸಪ್ಪಳ ಬಂತು. ನಮ್ಮ ಮನಿಯವರು ದಂಡೆಯ ಮೇಲೆ ಕೂತು ಆ ಸಪ್ಪಳ ಮೂರು ಸಲ ಕೇಳಿದರು. ಆಮೇಲೆ ಹಗ್ಗ ಸುತ್ತಿ ಅಟ್ಟದ ಮೇಲೆ ಎಸೆದರು. ಆ ಹಗ್ಗ ಅವರು ಹೋಗುವವರೆಗೂ ಕೆಳಗಿಳಿಯಲಿಲ್ಲ.

ವಿಶ್ವನಾಥಪ್ಪನಿಗೆ ಒಬ್ಬಳೇ ಮಗಳು, ರಂಭಾಬಾಯಿ. ಅವಳನ್ನು ಶಾಂತವೀರಪ್ಪನಿಗೇ ಕೊಟ್ಟು, ಅವನನ್ನು ಮನೆಯಲ್ಲೇ ಇಟ್ಟುಕೊಂಡು ಘರಜಾಂವಾಯಿ ಮಾಡಿಕೊಂಡ. ಹೀಗೆ ಔರಾದದವನು ನಮ್ಮ ಬದುವಿಗೆ ಬಂದು ಕುಳಿತ.

“ನೀರು ಸಿಕ್ಕಿತು, ಹೊಲ ಸಿಕ್ಕಿತು, ಹೆಂಡತಿ ಸಿಕ್ಕಳು,” ಎಂದು ಅವನ ಮದುವೆಯ ಮಂಟಪದಲ್ಲೇ ಅಂದೆ ನಾನು. “ಒಂದೇ ಬೋರಿನಾಗ ಮೂರು ತಗದಾನ ನೋಡ್ರಿ.”

ಅಂವ ಕೇಳಿಸಿಕೊಂಡ. ನಕ್ಕ. ಆ ನಗು ನನಗೆ ಇನ್ನಷ್ಟು ಉರಿ ಹಚ್ಚಿತು.

ಮುಂದೆ ಹದಿನೈದು ವರ್ಷದಲ್ಲಿ ನಮ್ಮ ಬಾವಿಯ ಸುತ್ತಲಿನ ಹೊಲಗಳಲ್ಲಿ ಅಂವ ಹನ್ನೊಂದು ಬೋರು ಹಾಕಿದ. ಹನ್ನೊಂದಕ್ಕೂ ನಾನು ಹೋಗಿ ನಿಂತಿದ್ದೆ. ಕೊರೆಯುವ ಒಂದು ರಾಡ್ ಅಂದರೆ ಇಪ್ಪತ್ತು ಫೂಟು. ಒಂದು ರಾಡ್ ಒಳಗೆ ಹೋದರೆ ಒಂದು ಬೆರಳು ಮಡಚುತ್ತಿದ್ದೆ, ಒಂದು ಶಾಪ ಹಾಕುತ್ತಿದ್ದೆ. ಗಾಡಿಯ ಗದ್ದಲದಲ್ಲಿ ಶಾಪ ಯಾರಿಗೂ ಕೇಳುತ್ತಿರಲಿಲ್ಲ. ಶಾಂತವೀರಪ್ಪ ಅಲ್ಲೇ ನಿಂತು ವಹಿಯಲ್ಲಿ ಬರೆದುಕೊಳ್ಳುತ್ತಿದ್ದ: ಯಾರ ಹೊಲ, ಯಾವ ದಿಕ್ಕು, ಎಷ್ಟು ಫೂಟಿಗೆ ಮುರುಮ ಮಣ್ಣು ಮುಗಿಯಿತು, ಎಷ್ಟಕ್ಕೆ ಕರಿಕಲ್ಲು, ಎಷ್ಟಕ್ಕೆ ಹಸಿ ಹತ್ತಿತು. ನಿಲಂಗಾ, ಉದಗೀರ, ದೇವಣಿ ಕಡೆಯ ಎರಡು ಸಾವಿರ ಬೋರು ಅವನ ವಹಿಗಳಲ್ಲಿದ್ದವು. ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಅದಕ್ಕೂ ನಮ್ಮ ಬಾವಿಯ ಪಾಪವೇ ಕಾರಣ ಎಂದು ನಾನು ಊರಿಗೆ ಕೇಳುವ ಹಾಗೆ ಹೇಳಿದೆ. ಹೇಳಬಾರದಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.

ಮುಂದೆ ವಹಿಗಳಿಗೆ ಒರಲಿ ಹುಳ ಹತ್ತಿತು. ಎರಡು ವಹಿ ಹಿಟ್ಟಾಗಿ ಹೋದವು. ಅಂವ ಉದಗೀರಕ್ಕೆ ಹೋಗಿ, ಸ್ಟೇಶನ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಸೂರ್ಯಕಾಂತನ ಕಡೆಯಿಂದ ಹಳೆಯದೊಂದು ಕಂಪ್ಯೂಟರ್ ತಂದ. ಉಳಿದ ವಹಿಗಳನ್ನೆಲ್ಲ ಒಂದೊಂದೇ ಬೆರಳಿನಿಂದ ಬಡಿದು ಅದರಲ್ಲಿ ತುಂಬಿದ. ನಾಲ್ಕು ವರ್ಷ ಹಿಡಿಯಿತು. ತುಂಬಿದ ವಹಿಗಳನ್ನು ರಂಭಾಬಾಯಿ ಒಲೆಗೆ ಹಾಕಿದಳು.

ಆಕಿಯ ಜೋಡಿ ನನಗೆ ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದು ದಿನ ಟ್ಯಾಂಕರಿನ ಪಾಳಿಯಲ್ಲಿ ನಿಂತಾಗ ಆಕಿಯೇ ಶುರು ಮಾಡಿದಳು.

“ಅಕ್ಕಾ, ನಮ್ಮವರು ಬೋರಿನ ಪಟ್ಟಿ ಮೂರು ಕಡಿ ಇಟ್ಟಾರ. ಒಂದು ಕಂಪ್ಯೂಟರಿನಾಗ. ಒಂದು ಅದರ ಬಾಜೂಕ, ಹಾರ್ಡ್ ಡಿಸ್ಕ್ ಅಂತ ಒಂದು ಡಬ್ಬಿ, ಅದರಾಗ. ಮೂರನೇದು ಇಲ್ಲಿ.” ಕೊರಳಿನ ಲಿಂಗದ ವಸ್ತ್ರ ಮುಟ್ಟಿ ತೋರಿಸಿದಳು.

“ಲಿಂಗದ ಜೋಡಿ?”

“ಹೂಂ. ಪೆನ್ ಡ್ರೈವ್ ಅಂತಾರ, ಹೆಬ್ಬೆರಳಿನಷ್ಟು ಅದ. ಪ್ಲಾಸ್ಟಿಕಿನಾಗ ಸುತ್ತಿ ಕಟ್ಟಾರ. ಪೆಟ್ಟಿಗಿಯಾಗ ಇಟ್ಟರ ಇಲಿ ಒಯ್ಯತಾವ, ಗ್ವಾಡಿ ಗೂಡಿನಾಗ ಇಟ್ಟರ ಕಳ್ಳ ಒಯ್ಯತಾನ. ಲಿಂಗ ಬಿಟ್ಟು ನಾ ಎಂದಾದ್ರೂ ಇರತೀನೇನು? ಸ್ನಾನಕ್ಕೂ ತಗಿಯಂಗಿಲ್ಲ. ಅಮಾಸಿಗೊಮ್ಮಿ ಬಿಚ್ಚಿ ಹೊಸಾದು ತುಂಬಿ ಮತ್ತ ಕಟ್ಟತಾರ.”

“ನಿನ್ನ ಗಂಡನ ಶಾಣ್ಯಾತನ ಈಗ ಲಿಂಗದ ಬಾಜೂಕ ಕುಂತದ,” ಅಂದೆ. ಆಕಿ ಅದನ್ನು ಹೊಗಳಿಕೆ ಎಂದು ತಿಳಿದು ನಕ್ಕಳು.

ಎರಡು ಸಾವಿರದ ಹದಿನಾರು. ಮೂರು ವರ್ಷದಿಂದ ಮಳೆ ಇಲ್ಲ. ಹಾಕಿದ ಬೋರುಗಳೆಲ್ಲ ಗಾಳಿ ಉಗುಳುತ್ತಿದ್ದವು. ಟ್ಯಾಂಕರ್ ಎಂಟು ದಿನಕ್ಕೊಮ್ಮೆ. ಶಿವರಾತ್ರಿ ಹದಿನೈದು ದಿನ ಇರುವಾಗ ರಂಭಾಬಾಯಿ ಕೊಡ ಹೊತ್ತುಕೊಂಡು ಬಂದು, ಎದೆ ಹಿಡಿದುಕೊಂಡು ಕೂತವಳು ಮೇಲೇಳಲಿಲ್ಲ.

ಹೆಣ್ಣುಮಕ್ಕಳು ಸೇರಿ ಮೈ ತೊಳೆದೆವು. ಹಿರಿಯಳೆಂದು ತಲೆಯ ಕಡೆ ನಾನು ಕೂತಿದ್ದೆ. ಅಯ್ಯನವರು ಲಿಂಗವನ್ನು ಎಡಗೈಗೆ ಕೊಡಿರಿ ಅಂದರು. ವಸ್ತ್ರದ ಗಂಟು ಬಿಚ್ಚಿದವಳು ನಾನೇ. ಲಿಂಗ ತೆಗೆದು ಆಕಿಯ ಅಂಗೈಯಲ್ಲಿಟ್ಟೆ. ಅದರ ಕೆಳಗೆ ಪ್ಲಾಸ್ಟಿಕಿನಲ್ಲಿ ಸುತ್ತಿದ್ದು ಕೈಗೆ ಗಟ್ಟಿ ಹತ್ತಿತು. ಏನೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಯಿತು ಎಂದು ನಾನು ಯಾರಿಗೂ ಹೇಳುವವಳಲ್ಲ. ವಸ್ತ್ರ ಮಡಚಿ, ಅದನ್ನು ಒಳಗೇ ಇಟ್ಟು, ಎರಡು ಗಂಟು ಬಿಗಿದು ಮತ್ತೆ ಆಕಿಯ ಕೊರಳಿಗೆ ಕಟ್ಟಿದೆ. ಸಂಜೆಗೆ ಆಕಿಯನ್ನು ಅವರ ಹೊಲದಲ್ಲೇ ಕೂಡ್ರಿಸಿ ವಿಭೂತಿ ಹಾಕಿ ಮಣ್ಣು ಮುಚ್ಚಿದರು.

ಶಾಂತವೀರಪ್ಪನಿಗೆ ಕೊರಳಿನ ಆ ನಕಲು ನೆನಪಾದದ್ದು ಐದನೇ ದಿನಕ್ಕೆ. ಮನೆಯಲ್ಲಿ ಇನ್ನೆರಡು ಇವೆ ಎಂದು ಸುಮ್ಮನಿದ್ದ. ಶಿವರಾತ್ರಿ ಆದ ನಾಲ್ಕು ದಿನಕ್ಕೆ, ಹೋದ ಕರೆಂಟು ಮಧ್ಯಾಹ್ನ ಒಮ್ಮೆಲೇ ಬಂತು. ಬಂದದ್ದು ಎರಡು ಪಟ್ಟು. ನಮ್ಮ ಓಣಿಯ ಬಲ್ಬುಗಳೆಲ್ಲ ಸಿಡಿದವು. ಅವನ ಕಂಪ್ಯೂಟರು ಸುಟ್ಟಿತು. ಬಾಜೂಕಿನ ಡಬ್ಬಿಯನ್ನು ಅಂವ ಎಂದೂ ಬಿಚ್ಚಿಟ್ಟವನಲ್ಲ, ಯಾವಾಗಲೂ ವಾಯರಿನಲ್ಲೇ ಇರುತ್ತಿತ್ತು. ಅದೂ ಸುಟ್ಟಿತು. ಉದಗೀರಕ್ಕೆ ಎರಡನ್ನೂ ಒಯ್ದು ಸೂರ್ಯಕಾಂತನ ಮುಂದೆ ಇಟ್ಟನಂತೆ. ಅವನು ಮೂಸಿ ನೋಡಿ, ಆಗದು ಎಂದು ಕೈ ಅಲ್ಲಾಡಿಸಿಬಿಟ್ಟನಂತೆ.

ಆ ವಾರವೇ ಊರಿಗೆ ಒಂದು ಬೋರಿನ ಮಂಜೂರಿ ಬಂತು. ಒಂದೇ. ನೀರು ಬೀಳದಿದ್ದರೆ ಇನ್ನೊಂದು ಇಲ್ಲ. ಎಲ್ಲರೂ ಗುಡಿಯ ಕಟ್ಟೆಗೆ ಸೇರಿದರು. ಸರಪಂಚ ಕಾಶೆಪ್ಪ ಶಾಂತವೀರಪ್ಪನನ್ನು ಕೇಳಿದ.

“ಗಾಡಿ ಸೋಮವಾರ ಬರತದ. ಎಲ್ಲಿ ಹಾಕೋಣು, ಪಟ್ಟಿ ನೋಡಿ ಹೇಳು.”

“ಪಟ್ಟಿ ಇಲ್ಲ.”

“ಇಲ್ಲಂದ್ರ?”

“ಸುಟ್ಟದ.”

“ಮೂರು ಕಡಿ ಇಟ್ಟೀನಿ ಅಂತ ಮೆರೀತಿದ್ದಿ.”

“ಮೂರನೇದು ರಂಭಾನ ಕೊಳ್ಳಾಗ ಹೋತು.”

ಕಾಶೆಪ್ಪನ ಬಾಯಿ ಸುಮ್ಮನಿರುವುದಿಲ್ಲ. “ಊರ ನೆಲಕ್ಕೆಲ್ಲ ತೂತು ಹಾಕಿದಿ. ಈಗ ಎಲ್ಲೆಲ್ಲಿ ಹಾಕೀನಿ ಮರತೀನಿ ಅಂತೀಯಲ್ಲ, ನಾಚಿಕಿ ಬರಂಗಿಲ್ಲೇನು?”

“ಎರಡು ಸಾವಿರ ಅದಾವ, ಕಾಶೆಪ್ಪ. ನೆನಪಿರತಾವಂದ್ರ ಬರಕೊಳ್ಳತಿದ್ದೆನೇನು?”

ಹಿಂದಿನಿಂದ ಒಬ್ಬ ಅಂದ, “ಆಕಿ ಮ್ಯಾಲಿನ ಮಣ್ಣು ತಗದು ನೋಡ್ರಿ. ತಿಂಗಳೂ ಆಗಿಲ್ಲ.”

ಶಾಂತವೀರಪ್ಪ ಎದ್ದು ನಿಂತ. ಅವನ ದನಿ ಏರಲಿಲ್ಲ. “ಆಕಿ ಲಿಂಗ ಹಿಡಕೊಂಡು ಕುಂತಾಳ. ಆ ಮಣ್ಣು ಒಂದು ಹಿಡಿ ಸರಸಾಂವ ನನಗ ಮೊದಲು ಅಲ್ಲೇ ಹೂಳಬೇಕು.” ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋದ.

ನಾನು ಗುಡಿಯ ಕಂಬಕ್ಕೆ ಆತು ಕೂತು ಎಲ್ಲ ಕೇಳಿದೆ. ಮೂವತ್ತು ವರ್ಷ ಬೇಡಿಕೊಂಡದ್ದು ಕಣ್ಣ ಮುಂದೆ ಆಗುತ್ತಿತ್ತು. ಆ ದಿನ ನನಗೆ ಊಟ ರುಚಿಸಿತು.

ಮರುದಿನ ಬೆಳಿಗ್ಗೆ ಅಂವ ಹೊಸದೊಂದು ಶಾಲೆಯ ವಹಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಮೂವತ್ತು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿದವನಲ್ಲ. ನಾನು ಕೂಡು ಅನ್ನಲಿಲ್ಲ. ನಿಂತೇ ಮಾತಾಡಿದ.

“ವೈನಿ, ನಿಮ್ಮ ಬಾವಿ ಸುತ್ತ ನಾ ಹನ್ನೊಂದು ಹಾಕೀನಿ. ನೀವು ನಿಂತು ರಾಡ್ ಎಣಸತಿದ್ರಿ. ಬೆರಳು ಮಡಚೂದು ನಾ ನೋಡೀನಿ.”

“ಎಣಸತಿದ್ದೆ. ನಿನ್ನ ಪಾಪ ಎಷ್ಟು ಆಳ ಹೋಗತದ ಅಂತ.”

“ನೆನಪ ಅದಾವೇನ್ರಿ?”

“ಒಂದೊಂದೂ.”

ಅಂವ ತಲೆ ತಗ್ಗಿಸಿದ. “ಹೇಳ್ರಿ. ನನಗಲ್ಲ, ಊರಿಗಿ.”

“ಊರಿಗಿ ಹೇಳತೀನಿ. ಆದ್ರ ಮೊದಲನೇ ಸಾಲು ನಮ್ಮ ಬಾವಿದು ಇರಬೇಕು. ನಿನ್ನ ಎರಡು ಸಾವಿರದಾಗ ಅದು ಒಂದೂ ಕಡಿ ಇಲ್ಲ.”

ಅಂವ ನೆಲದ ಮೇಲೆ ಕೂತ. ಬರೆದ. ಓದಿ ತೋರಿಸಿದ: “ವಲಾಂಡಿ, ಬದುವಿನ ಬಾವಿ, ನಲವತ್ತೆರಡು ಫೂಟು, ಎಪ್ಪತ್ತೆರಡರಾಗ ತೋಡಿದ್ದು. ಎಂಬತ್ತೇಳರಾಗ ಬತ್ತಿತು.”

“ಬತ್ತಿತು ಅಲ್ಲ. ಅದು ತಾನೇ ಬತ್ತಿಲ್ಲ. ಬತ್ತಿಸಿದೆ ಅಂತ ಬರಿ.”

ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿ ಜನ ಓಡುತ್ತಿದ್ದರು. ಅಂವ ಏಳಲಿಲ್ಲ, ನಾನೂ ಏಳಲಿಲ್ಲ. ಕೊನೆಗೆ ಹೊಡೆದುಹಾಕಿ ಬರೆದ. ಓದಿದ: “ಎಂಬತ್ತೇಳರಾಗ ನಾ ಬತ್ತಿಸಿದೆ.”

ಆಮೇಲೆ ನಾನು ಹೇಳುತ್ತ ಹೋದೆ. ಏಳನೆಯದು ಬಂದಾಗ ಅಂವ ತಡೆದ. “ಮಾಣಿಕಪ್ಪನ ಹೊಲದಾಗಿನ ಬನ್ನಿಗಿಡದ ಬುಡದ್ದು? ಅದು ಒಣಾ. ಫೇಲ್ ಅಂತ ನಾನೇ ಹೇಳೀನಿ.”

“ಹೇಳಿದಿ. ಹದಿನಾಲ್ಕು ರಾಡ್ ಹೋದವು. ಹದಿನೈದನೇದು ಸಿಕ್ಕೊಂಡು ಮುರೀತು. ನೀವು ಚಪ್ಪಡಿ ಮುಚ್ಚಿ ಹೋದ್ರಿ. ನಾ ಹಿಂದಿನಿಂದ ಹೋಗಿ ಮಣ್ಣು ಮುಟ್ಟಿ ನೋಡೀನಿ. ಕಡೀಗಿ ಹೊರಗ ಬಂದ ಮಣ್ಣು ಹಳದಿ ಇತ್ತು, ಹಸಿ ಇತ್ತು. ಹಿಂಡಿದ್ರ ಕೈ ತೊಯ್ದಿತು.”

“ಅವತ್ತೇ ಯಾಕ ಹೇಳಲಿಲ್ರಿ?”

“ನಿನಗ್ಯಾಕ ಹೇಳಲಿ?”

ಸೋಮವಾರ ಬನ್ನಿಗಿಡದಿಂದ ಐದು ಮೊಳ ಬಿಟ್ಟು ಗಾಡಿ ನಿಲ್ಲಿಸಿದರು. ಮುನ್ನೂರಾ ಹತ್ತು ಫೂಟಿಗೆ ಬೆರಳು ಗಾತ್ರದ ನೀರು ಬಂತು. ಬೆರಳು ಗಾತ್ರವಾದರೂ ನಿಲ್ಲಲಿಲ್ಲ, ಜೂನಿನ ಮಿರಗದ ಮಳೆ ಬರುವವರೆಗೂ ಹರಿಯಿತು. ಊರು ಅವನಿಗೆ ಹಾರ ಹಾಕಿತು. ನನ್ನ ಹೆಸರು ಅಂವ ಎತ್ತಲಿಲ್ಲ. ಅವನ ಹೆಸರಿನ ಜೋಡಿ ನನ್ನ ಹೆಸರು ನನಗೂ ಬೇಕಿರಲಿಲ್ಲ.

ಆಮೇಲಿನ ಎರಡು ವರ್ಷ ಅಂವ ಸೈಕಲ್ ಹತ್ತಿ ಊರೂರು ತಿರುಗಿದ. ಹೊಲದವರನ್ನು ಕೇಳಿ ಕೇಳಿ ಬರೆದುಕೊಂಡು ಬಂದು ಮತ್ತೊಂದು ಕಂಪ್ಯೂಟರಿನಲ್ಲಿ ತುಂಬಿದ. ಆರು ನೂರಾ ಚಿಲ್ಲರೆ ಸಿಕ್ಕವು, ಉಳಿದವು ಹೋದವು. ಈ ಸಲ ಲೆಕ್ಕ ಬೇರೆ ಹಾಕಿದ. ಅಮಾಸೆಗೆ ನಕಲು ಮಾಡುವುದು, ಮಾಡಿದ ಕೂಡಲೇ ವಾಯರು ಕಿತ್ತು ಡಬ್ಬಿ ಬೇರೆ ಇಡುವುದು. ಹುಣ್ಣಿಮೆಗೆ ಒಳಗೆ ಅಕ್ಷರ ಇವೆಯೋ ಇಲ್ಲವೋ ತೆಗೆದು ನೋಡುವುದು. ಎರಡನೆಯ ನಕಲು ಉದಗೀರದಲ್ಲಿ, ಸೂರ್ಯಕಾಂತನ ಕಬ್ಬಿಣದ ಕಪಾಟಿನಲ್ಲಿ. ಮೂರನೆಯದಕ್ಕೆ ಜಾಗ ಸಿಕ್ಕಿರಲಿಲ್ಲ.

ಅಂವ ಸಾಯುವ ಹದಿನೈದು ದಿನ ಮೊದಲು, ಹುಣ್ಣಿಮೆಯ ಮುಂಜಾನೆ, ನಮ್ಮ ಬಾಗಿಲಿಗೆ ಬಂದ. ಕಾಲು ಬಾತಿದ್ದವು, ಉಸಿರು ಸಾಲುತ್ತಿರಲಿಲ್ಲ. ಕೈಯಲ್ಲಿ ಕುಂಕುಮದ ಹಿತ್ತಾಳೆ ಡಬ್ಬಿ. ರಂಭಾಬಾಯಿಯದು, ನಾನು ಗುರುತು ಹಿಡಿದೆ. ಒಳಗೆ ಪ್ಲಾಸ್ಟಿಕಿನಲ್ಲಿ ಸುತ್ತಿದ ಹೆಬ್ಬೆರಳಿನಷ್ಟದ್ದು.

“ಇದು ನಿಮ್ಮ ಕಡಿ ಇರಲಿ, ವೈನಿ. ಮೊದಲನೇ ಸಾಲು ನಿಮ್ಮ ಬಾವಿದೇ ಅದ.”

“ನನ್ನ ಕಡಿ ಯಾಕ? ನಿನಗ ಊರಾಗ ಬ್ಯಾರೆ ಯಾರೂ ಇಲ್ಲೇನು?”

“ಬ್ಯಾರೆಯವರು ಕಳೀತಾರ. ನನ್ನ ಮ್ಯಾಲಿನ ಸಿಟ್ಟು ಮೂವತ್ತು ವರ್ಷ ಜ್ವಾಪಾನ ಇಟ್ಟೀರಿ. ಇದೂ ಇಡತೀರಿ.”

“ಸಿಟ್ಟು ಇನ್ನೂ ಅದ.”

“ಇರಲಿ. ಅದು ಇರೂತನಕಾ ನನಗ ಚಿಂತಿ ಇಲ್ಲ.”

ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ ನಾನು. ಅಂವ ಅದನ್ನು ಹೊಸ್ತಿಲ ಮೇಲಿಟ್ಟ. ಮೂರು ಹೆಜ್ಜೆ ಹೋಗಿ, ಬೇವಿನ ಗಿಡಕ್ಕೆ ಕೈ ಕೊಟ್ಟು ನಿಂತ, ತಿರುಗಿದ.

“ರಂಭಾನ ವಸ್ತ್ರಕ್ಕ ಗಂಟು ಹಾಕೂಮುಂದ ನಾ ಬಾಗಲದಾಗೇ ನಿಂತಿದ್ದೆ. ನೀವು ಬಿಗದದ್ದು ಕಂಡೀನಿ. ಅವತ್ತು ನಾ ಆಕಿ ಮಾರಿನೇ ನೋಡತಿದ್ದೆ, ಒಳಗ ಏನದ ಅಂತ ನೆನಪಾಗಲಿಲ್ಲ. ಐದು ದಿನ ಆದ ಮ್ಯಾಲ ಒಳಗಿಂದು, ನಿಮ್ಮ ಗಂಟು, ಎರಡೂ ಕೂಡೇ ನೆನಪಾದವು.”

ಉಸಿರು ಹಿಡಿದು ಹಿಡಿದು ಇಷ್ಟು ಕೇಳಿಕೊಂಡ:

“ವೈನಿ, ಇದನ್ನ ಕೊಳ್ಳಾಗ ಮಾತ್ರ ಕಟ್ಟಿಕೋಬ್ಯಾಡ್ರಿ.”