ಹಾವೆಂದು ಒಪ್ಪಿಕೊಂಡ ಹುಡುಗಿ

ಸಿಂಚನಳ ಚರ್ಮ ಹುಟ್ಟಿದಾಗಿನಿಂದಲೂ ಒಣ. ಕೈಕಾಲಿನ ಮೇಲೆಲ್ಲ ಸಣ್ಣ ಸಣ್ಣ ಬಿರುಕು. ಚಳಿಗಾಲ ಬಂತೆಂದರೆ ಹೊಟ್ಟಿನ ಹಾಗೆ ಉದುರುತ್ತದೆ. ಇದು ಹುಟ್ಟಿನಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ, ದಿನಾ ಎಣ್ಣೆ ಹಚ್ಚಿ ಎಂದು ದೊಡ್ಡಬಳ್ಳಾಪುರದ ಡಾಕ್ಟರು ಹೇಳಿದ್ದರು. ಊರು ಬೇರೆ ಹೇಳಿತು. ಅವಳು ಹೊಟ್ಟೆಯಲ್ಲಿದ್ದಾಗ ಅವಳಪ್ಪ ಬೈರೇಶ್ ಮನೆಗೆ ಪಾಯ ತೆಗೆಸುತ್ತಿದ್ದ. ಜೆಸಿಬಿಗೆ ಸಿಕ್ಕಿ ಒಂದು ನಾಗರಹಾವು ಸತ್ತಿತ್ತಂತೆ. ನಾಗದೋಷ ಎನ್ನಲು ಊರಿಗೆ ಅಷ್ಟು ಸಾಕಾಯಿತು.

ಅವಳ ತಾಯಿ ನರಸಮ್ಮ ನಮ್ಮ ಬೀದಿಯವಳು, ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳನ್ನು ಕರೆದುಕೊಂಡು ಘಾಟಿಯ ನಾಗದೇವರ ಗುಡಿಗೆ ಎಷ್ಟು ಸಲ ಹೋಗಿಬಂದಳೋ. ನಾಗರಕಲ್ಲಿಗೆ ಹಾಲೆರೆದದ್ದಾಯಿತು, ಬೆಳ್ಳಿಯ ಹೆಡೆ ಹುಂಡಿಗೆ ಹಾಕಿದ್ದಾಯಿತು. ನಾನೂ ಆ ಸ್ವಾಮಿಗೆ ನಡೆದುಕೊಳ್ಳುವವಳೇ. ಆದರೆ ಅವನು ಒಂದು ಮಗುವಿನ ಮೈಮೇಲೆ ಕೋಪ ತೀರಿಸಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ.

ಹೈಸ್ಕೂಲಿನಲ್ಲಿ ಸಿಂಚನಳ ತರಗತಿಯಲ್ಲೇ ರಮ್ಯ ಎಂಬ ಹುಡುಗಿ ಇದ್ದಳು. ಓದಿನಲ್ಲಿ ಚುರುಕು, ಬಾಯಲ್ಲಿ ಅದಕ್ಕಿಂತ ಚುರುಕು.

"ಪೊರೆ ಬಂತು ಕಣ್ರೇ, ಜಾಗ ಬಿಡ್ರೇ."

"ಲೇ ಸಿಂಚು, ಮುಂದಿನ್ಸಲ ಚರ್ಮ ಬಿಟ್ಟಾಗ ನಂಗೆ ಹೇಳೇ. ಒಂದು ಪರ್ಸ್ ಹೊಲಿಸ್ಕೋತೀನಿ."

ಎಲ್ಲರೂ ನಗುತ್ತಿದ್ದರು. ಸಿಂಚನ ಬಿಸಿಲಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಬರತೊಡಗಿದಳು. ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ಹೇಳಿದರೆ ಅಮ್ಮ ಇನ್ನೊಂದು ಹರಕೆ ಹೊತ್ತುಕೊಳ್ಳುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಹೋದ ವರ್ಷ ಷಷ್ಠಿಯ ಮಾರನೆಯ ದಿನ ಅವಳು ಕೂರುವ ಬೆಂಚಿನ ಮೇಲೆ ಅರಿಶಿನ ಕುಂಕುಮ ಇಟ್ಟಿತ್ತು. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಹಾಲು. ರಮ್ಯ ಕಡ್ಡಿಪೆಟ್ಟಿಗೆ ಹಿಡಿದು ಆರತಿ ಎತ್ತುವವಳ ಹಾಗೆ ಕೈ ತಿರುಗಿಸಿದಳು. "ನಾಗಮ್ಮತಾಯಿ, ಗಣಿತದಲ್ಲಿ ಪಾಸ್ ಮಾಡಿಸವ್ವ." ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ, ಚಪ್ಪಲಿ ಬಿಟ್ಟು ನಿಜವಾಗಿಯೇ ಕೈ ಮುಗಿದಳು.

"ಅವರೆಲ್ಲ ನಕ್ಕಿದ್ದಕ್ಕಿಂತ ಅವಳು ಕೈ ಮುಗಿದಿದ್ದೇ ನಂಗೆ ತಡ್ಕೊಳಕ್ಕಾಗ್ಲಿಲ್ಲ ದೊಡ್ಡಮ್ಮ," ಎಂದು ಸಿಂಚನ ಆಮೇಲೊಂದು ದಿನ ನನಗೆ ಹೇಳಿದಳು.

ಅವತ್ತು ಅವಳು ಮುಚ್ಚಳ ಎತ್ತಿ ಹಾಲನ್ನು ರಮ್ಯಳ ಕಾಲಿಗೆ ಸುರಿದಳು. "ಹಾವು ನಿನ್ನ ಮೈಗೂ ಸುತ್ಕೊಳ್ಲಿ ನೋಡು," ಎಂದಳು.

ಸಂಕ್ರಾಂತಿ ಕಳೆದ ಮೇಲೆ ರಮ್ಯಳ ಹಣೆಯ ಮೇಲೆ ನೀರುಗುಳ್ಳೆ ಎದ್ದವು. ಬೈತಲೆಯಿಂದ ಹುಬ್ಬಿನವರೆಗೆ ಒಂದೇ ಕಡೆ, ಸಾಲಾಗಿ, ಬೆಂಕಿ ಇಟ್ಟಂಥ ಉರಿ. ಇದಕ್ಕೆ ನಮ್ಮ ಕಡೆ ಸರ್ಪಸುತ್ತು ಎನ್ನುತ್ತಾರೆ. ಕೆಮ್ಮಣ್ಣು ಹಚ್ಚುತ್ತಾರೆ, ಮಂತ್ರ ಹಾಕಿಸುತ್ತಾರೆ. ಸೂಜಿ ಚುಚ್ಚಿಸಿದರೆ ಒಳಕ್ಕಿಳಿಯುತ್ತದೆ ಎಂದು ಹೆದರಿ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ರಮ್ಯಳ ತಾಯಿ ಮುನಿರತ್ನಮ್ಮನೂ ಹಾಗೇ ಮಾಡಿದಳು. ಗುಳ್ಳೆ ರೆಪ್ಪೆಗೆ ಇಳಿಯಿತು, ಕಣ್ಣು ಊದಿ ಮುಚ್ಚಿಕೊಂಡಿತು.

ವಿಜ್ಞಾನದ ಟೀಚರು ವರಲಕ್ಷ್ಮಮ್ಮ ರಮ್ಯಳ ಮನೆಗೆ ಹೋಗಿ ನೋಡಿ ಬಂದು ತರಗತಿಯಲ್ಲೇ ಬೇಜಾರು ಮಾಡಿಕೊಂಡರು. "ಇವತ್ತೇ ಆಸ್ಪತ್ರೆಗೆ ಹೋಗಿ, ಇಲ್ಲದಿದ್ರೆ ಕಣ್ಣು ಹೋಗುತ್ತೆ ಅಂದೆ. ಕೇಳೋರಿಲ್ಲ." ಮಕ್ಕಳೆಲ್ಲ ತಿರುಗಿ ಸಿಂಚನಳನ್ನು ನೋಡಿದರು.

ಅವತ್ತು ಸಂಜೆ ನರಸಮ್ಮ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದಳು. ಮುನಿರತ್ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹಾಲು, ಹಣ್ಣು, ಕಾಯಿ. ಹಿಂದೆ ತಲೆಗೆ ಟವೆಲ್ ಹೊದ್ದ ರಮ್ಯ. ಮುನಿರತ್ನಮ್ಮ ಒಳಗೆ ಬಂದವಳೇ ಸಿಂಚನಳ ಕಾಲಿಗೆ ಬಿದ್ದಳು.

"ತಪ್ಪಾಯ್ತು ತಾಯಿ. ತಿಳೀದೆ ಮಾಡ್ತು. ಹಾಲು ಕುಡ್ದು ಹೊಟ್ಟೆಗೆ ಹಾಕ್ಕೊಂಬಿಡು."

"ಅಯ್ಯೋ ಮುನಿರತ್ನಕ್ಕ, ಅದು ಕೂಸು. ಅದರ ಕಾಲಿಗೆ ಬೀಳ್ತಾರಾ? ಏಳಕ್ಕ," ಎಂದು ನರಸಮ್ಮ ರಟ್ಟೆ ಹಿಡಿದಳು.

ಸಿಂಚನ ಗೋಡೆಗೆ ಅಂಟಿಕೊಂಡಿದ್ದಳು. "ನಾನೇನೂ ಮಾಡಿಲ್ಲ ಆಂಟಿ. ಸಿಟ್ಟಲ್ಲಿ ಅಂದೆ ಅಷ್ಟೆ. ನನ್ನದು ಬರೀ ಚರ್ಮದ ಕಾಯಿಲೆ. ಇವಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ."

"ನೋಡು ನರಸಮ್ಮ, ಇನ್ನೂ ಸಿಟ್ಟು ಇಳಿದಿಲ್ಲ," ಎಂದು ಮುನಿರತ್ನಮ್ಮ ಅಳತೊಡಗಿದಳು. "ಆಸ್ಪತ್ರೇಲಿ ಏನೈತೆ? ನೀನು ಬಿಟ್ಟೆ ಅಂದ್ರೆ ಬಿಡುತ್ತೆ ತಾಯಿ. ಅನ್ನು. ಒಂದ್ಮಾತು ಅನ್ನು."

ನರಸಮ್ಮ ಮಗಳ ಕಿವಿಯ ಹತ್ತಿರ ಬಾಗಿದಳು. "ಒಂದು ಗುಟುಕು ಕುಡಿದು ಕಳಿಸಿಬಿಡೇ. ಇನ್ಮೇಲೆ ನಿನ್ನ ತಂಟೆಗೆ ಒಬ್ರೂ ಬರಲ್ಲ."

ಅದು ನಿಜವೇ ಆಗಿತ್ತು. ಆದರೆ ಕುಡಿದಿದ್ದರೆ ಅವರು ಸಮಾಧಾನವಾಗಿ ಮನೆಗೆ ಹೋಗಿ ಕಾಯುತ್ತಿದ್ದರು. ರಮ್ಯಳ ಕಣ್ಣು ಹೋಗುತ್ತಿತ್ತು. ಅಷ್ಟರಲ್ಲಿ ಟವೆಲ್ ಜಾರಿತು. ಒಂದು ಕಣ್ಣು ಕೀವು ಕಟ್ಟಿ ಮುಚ್ಚಿತ್ತು. ಇನ್ನೊಂದು ಕಣ್ಣು ಸಿಂಚನಳನ್ನೇ ನೋಡುತ್ತಿತ್ತು, ನಿಜವಾಗಿ ಹಾವನ್ನು ನೋಡಿದ ಹಾಗೆ.

ಸಿಂಚನ ಗೋಡೆ ಬಿಟ್ಟು ಮುಂದೆ ಬಂದಳು. ಸ್ವೆಟರಿನ ತೋಳು ಮೇಲಕ್ಕೆಳೆದು ಕೈ ತೋರಿಸಿದಳು.

"ಹೌದು. ನಾನೇ ಸುತ್ಕೊಂಡಿರೋದು. ಈ ಹಾಲು ನಂಗೆ ಬೇಡ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಡಾಕ್ಟ್ರು ಕೊಟ್ಟ ಮಾತ್ರೆ ಎಲ್ಲಾ ನುಂಗಿಸಿದ್ರೆ ಬಿಡ್ತೀನಿ. ಇಲ್ಲಾಂದ್ರೆ ಕಣ್ಣು ತಗೊಂಡೇ ಹೋಗ್ತೀನಿ."

ನರಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಮುನಿರತ್ನಮ್ಮ ಅಳು ನಿಲ್ಲಿಸಿ ಎದ್ದಳು. "ಆಗಲಿ ತಾಯಿ," ಎಂದಳು. ಗರ್ಭಗುಡಿಯಿಂದ ಬರುವವರ ಹಾಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಬಾಗಿಲು ದಾಟಿದಳು. ಸ್ವಲ್ಪ ಹೊತ್ತಿಗೆ ಆಟೋ ಹೋದ ಸದ್ದು ಕೇಳಿತು.

ಸಿಂಚನ ಬಚ್ಚಲಿಗೆ ಹೋಗಿ ಕೈ ಉಜ್ಜಿದಳು, ರಕ್ತ ಬರುವ ತನಕ ಉಜ್ಜಿದಳು. "ಅಮ್ಮ, ಇನ್ನು ನಾನು ಯಾವತ್ತಿಗೂ ಅದೇ ಅಲ್ವಾ?" ಎಂದು ಕೇಳಿದಳಂತೆ. ನರಸಮ್ಮ ಎಣ್ಣೆ ತಂದು ಆ ಕೈಗೆ ಹಚ್ಚುತ್ತಾ ಕೂತಳಂತೆ.

ಕಣ್ಣು ಉಳಿಯಿತು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಊರಿನಲ್ಲಿ ಯಾರೂ ಮಾತ್ರೆಯ ಹೆಸರು ಎತ್ತಲಿಲ್ಲ. ಸಿಂಚನ ಬೀದಿಗೆ ಬಂದರೆ ಹೆಂಗಸರು ದಾರಿ ಬಿಟ್ಟು ನಿಲ್ಲತೊಡಗಿದರು. ಮೈಮೇಲೆ ಗುಳ್ಳೆ ಎದ್ದ ಕೂಸುಗಳನ್ನು ಎತ್ತಿಕೊಂಡು ಬಾಗಿಲಲ್ಲಿ ಕಾಯತೊಡಗಿದರು. ಅವಳು ಒಬ್ಬೊಬ್ಬರಿಗೂ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದಳು. ಶಾಲೆಯಲ್ಲಿ ಪೊರೆ ಎನ್ನುವವರು ಇಲ್ಲವಾದರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವರೂ ಇಲ್ಲವಾದರು. ಮೊದಲಾದರೆ ಬೈಯುವುದಕ್ಕಾದರೂ ಒಬ್ಬರು ಹತ್ತಿರ ಬರುತ್ತಿದ್ದರು. ಅವಳು ಸ್ಕೂಲು ಬಿಡುತ್ತೇನೆ ಎಂದು ಹಟ ಹಿಡಿದಳು, ಊಟ ಬಿಟ್ಟಳು. ನರಸಮ್ಮ ಮಾತ್ರ ಬಿಡದೆ ಕಳಿಸುತ್ತಿದ್ದಳು.

ರಮ್ಯ ಶಾಲೆಗೆ ಮರಳಿದ ದಿನ ನೀರಿನ ನಲ್ಲಿಯ ಹತ್ತಿರ ಇಬ್ಬರೂ ಎದುರಾದರು. ರಮ್ಯಳ ಹಣೆಯ ಮೇಲೆ ಕಲೆ, ಕಣ್ಣು ಇನ್ನೂ ಕೆಂಪು. ಅವಳು ಕೈ ಮುಗಿದಳು.

"ನಾನು ಸುಳ್ಳು ಹೇಳ್ದೆ ರಮ್ಯ. ನನ್ನ ಕೈಲಿ ಏನೂ ಇಲ್ಲ."

"ಗೊತ್ತು. ಡಾಕ್ಟ್ರು ಹೇಳಿದ್ರು." ರಮ್ಯ ನೆಲ ನೋಡಿದಳು. "ಆದ್ರೂ ಭಯ ಆಗುತ್ತೆ ಕಣೇ."

ಸಿಂಚನ ಅವಳ ಎರಡೂ ಕೈಗಳನ್ನು ಹಿಡಿದು ಬಿಡಿಸಿದಳು. "ಬೈಯೇ. ಏನಾದ್ರೂ ಬೈಯಿ. ಹಿಂಗೆ ಕೈ ಮುಗೀಬೇಡ, ನಂಗಾಗಲ್ಲ."

ನಲ್ಲಿ ಸುರಿಯುತ್ತಲೇ ಇತ್ತು. ಗಂಟೆ ಹೊಡೆಯಿತು, ಉಳಿದವರು ಇವರಿಬ್ಬರನ್ನೂ ಬಳಸಿಕೊಂಡು ದೂರದಿಂದಲೇ ಒಳಗೆ ಹೋದರು.

"ಕೋತಿ," ಎಂದಳು ರಮ್ಯ, ಬಹಳ ಮೆಲ್ಲಗೆ.

ಯಾರು ಯಾರಿಗೆ ಬೇಕಾದರೂ ಬೈಯುವ ಮಾತು ಅದು. ಇಬ್ಬರೂ ನಗಲಿಲ್ಲ. ಸಿಂಚನ ತಲೆಯಾಡಿಸಿ, ಅವಳ ಕೈ ಬಿಡದೆ, ತರಗತಿಯ ಕಡೆ ನಡೆದಳು.